ಬಾಯ್ಲರ್ ಒಂದು ಕಡತದಲ್ಲಿ, ಜನರೇಟರ್ ಇನ್ನೊಂದರಲ್ಲಿ: ವಿದ್ಯುತ್ ಸ್ಥಾವರಗಳ ಹೊಗೆ ಮತ್ತು ಉತ್ಪಾದನೆಯ ಲೆಕ್ಕವನ್ನು ಒಂದೇ ಡೇಟಾಬೇಸಿಗೆ ತರುವ ಬಗೆ

ಒಂದು ಶಾಖೋತ್ಪನ್ನ ವಿದ್ಯುತ್ ಸ್ಥಾವರವು ಒಂದು ತಿಂಗಳಲ್ಲಿ ಎಷ್ಟು ಇಂಧನ ಉರಿಸಿತು, ಎಷ್ಟು ವಿದ್ಯುತ್ ಕೊಟ್ಟಿತು, ಅದರ ಚಿಮಣಿಯಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿತ್ತು ಎಂಬ ಮೂರು ಪ್ರಶ್ನೆಗಳಿಗೂ ಅಮೆರಿಕದಲ್ಲಿ ಸಾರ್ವಜನಿಕವಾಗಿ ಉತ್ತರ ಸಿಗುತ್ತದೆ. ಆದರೆ ಆ ಉತ್ತರಗಳು ಬೇರೆ ಬೇರೆ ಇಲಾಖೆಗಳ ಕೈಯಲ್ಲಿವೆ. ಒಂದೊಂದು ಇಲಾಖೆಯೂ ತನ್ನ ಕಾನೂನಿನ ಅಗತ್ಯಕ್ಕೆ ತಕ್ಕಂತೆ ಸ್ಥಾವರವನ್ನು ಬೇರೆ ಬೇರೆ ರೀತಿಯಲ್ಲಿ ಹೋಳು ಮಾಡಿ ಎಣಿಸುತ್ತದೆ. ಇವನ್ನೆಲ್ಲ ಒಂದೇ ಡೇಟಾಬೇಸಿಗೆ ತರಲು ಹೊರಟವರು ಮೊದಲು ಫೈಲುಗಳ ಗಾತ್ರಕ್ಕೆ ಹೆದರುತ್ತಾರೆ. ಗಾತ್ರವು ನಿಜವಾದ ತೊಡಕಲ್ಲ. ಒಂದು ಸಾಲು ಯಾವ ವಸ್ತುವನ್ನು ಕುರಿತದ್ದು ಎಂಬುದನ್ನು ಗೊತ್ತುಪಡಿಸಿಕೊಳ್ಳದೆ ಎರಡು ಕೋಷ್ಟಕಗಳನ್ನು ಜೋಡಿಸಿದರೆ, ಯಾವ ದೋಷಸೂಚನೆಯೂ ಬಾರದೆ ಲೆಕ್ಕ ತಪ್ಪಿಹೋಗುತ್ತದೆ. ಈ ಟಿಪ್ಪಣಿಯ ಬಹುಪಾಲು ಅದನ್ನು ಕುರಿತೇ ಇದೆ.

ಮೂಲಗಳು

ಮೊದಲನೆಯದು ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಪ್ರಕಟಿಸುವ ಗಂಟೆವಾರು ಮಾಪನ. 1990ರಲ್ಲಿ ಶುದ್ಧ ವಾಯು ಕಾಯ್ದೆಗೆ ತಂದ ತಿದ್ದುಪಡಿಯಿಂದ ಆಮ್ಲಮಳೆ ನಿಯಂತ್ರಣ ಕಾರ್ಯಕ್ರಮ ಹುಟ್ಟಿತು. ಅದರ ಮೊದಲ ಹಂತ 1995ರಲ್ಲಿ ಜಾರಿಗೆ ಬಂತು. ಗಂಧಕದ ಡೈಆಕ್ಸೈಡ್ ಹೊರಬಿಡುವ ಹಕ್ಕನ್ನು ಕೊಳ್ಳಬಹುದು, ಮಾರಬಹುದು ಎಂದಾದ ಮೇಲೆ ಎಷ್ಟು ಹೊರಬಿತ್ತೆಂಬುದನ್ನು ನಿಖರವಾಗಿ ಅಳೆಯಲೇಬೇಕಾಯಿತು. ಹೀಗಾಗಿ ಸಾಮಾನ್ಯವಾಗಿ 25 ಮೆಗಾವಾಟಿಗಿಂತ ದೊಡ್ಡ ಜನರೇಟರಿಗೆ ಶಕ್ತಿ ಒದಗಿಸುವ, ಕಲ್ಲಿದ್ದಲು, ತೈಲ ಅಥವಾ ಅನಿಲ ಉರಿಸುವ ಘಟಕಗಳು ನಿರಂತರ ಮಾಪನ ವ್ಯವಸ್ಥೆಯನ್ನು (ಬಳಕೆಯಲ್ಲಿ ಇದನ್ನು ಸೆಮ್ಸ್ ಎನ್ನುತ್ತಾರೆ) ಇಟ್ಟುಕೊಂಡು ಗಂಟೆಗಂಟೆಯ ವರದಿ ಕೊಡುತ್ತವೆ. ಪ್ರತಿ ಸಾಲಿನಲ್ಲಿ ಆ ಗಂಟೆಯ ಒಟ್ಟು ವಿದ್ಯುತ್ ಹೊರೆ, ಒಳಹೋದ ಶಾಖ, ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡುಗಳು ಮತ್ತು ಇಂಗಾಲದ ಡೈಆಕ್ಸೈಡ್ ಪ್ರಮಾಣ ಇರುತ್ತವೆ.

ಎರಡನೆಯದು ಇಂಧನ ಮಾಹಿತಿ ಆಡಳಿತ, ಅಂದರೆ ಇಐಎ, ಸಂಗ್ರಹಿಸುವ ಎರಡು ಫಾರ್ಮುಗಳು. 860ನೆಯ ಫಾರ್ಮು ಸ್ಥಾವರದ ಜಾತಕವಿದ್ದಂತೆ: 1 ಮೆಗಾವಾಟ್ ಅಥವಾ ಅದಕ್ಕೂ ಮೇಲಿನ ಸಾಮರ್ಥ್ಯದ ಸ್ಥಾವರಗಳ ಪ್ರತಿ ಜನರೇಟರ್ ಯಾವಾಗ ಶುರುವಾಯಿತು, ಯಾವಾಗ ನಿವೃತ್ತಿ, ಇಂಧನವೇನು, ಯಾವ ಬಾಯ್ಲರಿಗೆ ಸೇರಿದ್ದು ಎಂಬುದು ಅದರಲ್ಲಿರುತ್ತದೆ. 923ನೆಯ ಫಾರ್ಮಿನಲ್ಲಿ ತಿಂಗಳವಾರು ಇಂಧನ ಬಳಕೆ ಮತ್ತು ನಿವ್ವಳ ಉತ್ಪಾದನೆ ಸಿಗುತ್ತವೆ. ಇದು 2008ರಲ್ಲಿ ಹಲವು ಹಳೆಯ ಫಾರ್ಮುಗಳನ್ನು ಒಗ್ಗೂಡಿಸಿ ಬಂದದ್ದು. ಮೂರನೆಯದಾಗಿ ಒಕ್ಕೂಟ ಇಂಧನ ನಿಯಂತ್ರಣ ಆಯೋಗದ ಒಂದನೆಯ ಫಾರ್ಮಿನಲ್ಲಿ ಖರ್ಚುವೆಚ್ಚ ಇರುತ್ತದೆ. ಅಲ್ಲಿ ಸ್ಥಾವರಕ್ಕೆ ಸಂಕೇತಸಂಖ್ಯೆಯೇ ಇಲ್ಲ, ಕಂಪನಿಯವರು ಬರೆದ ಹೆಸರೇ ಗತಿ. ವೆಚ್ಚದ ವಿಶ್ಲೇಷಣೆ ಬೇಕಿಲ್ಲದವರು ಮೊದಲ ಸುತ್ತಿನಲ್ಲಿ ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಈ ಕೆಲಸವನ್ನು ಈಗಾಗಲೇ ಮಾಡಿದವರಿದ್ದಾರೆ. ಇಪಿಎ ತಾನೇ ಇ-ಗ್ರಿಡ್ ಎಂಬ ಸಂಯೋಜಿತ ವಾರ್ಷಿಕ ಡೇಟಾಬೇಸನ್ನು ಪ್ರಕಟಿಸುತ್ತದೆ. ಕ್ಯಾಟಲಿಸ್ಟ್ ಕೋಆಪರೇಟಿವ್ ಎಂಬ ಸಹಕಾರಿ ಸಂಸ್ಥೆಯ ಪುಡ್ಲ್ ಯೋಜನೆಯು ಮೇಲೆ ಹೇಳಿದ ಎಲ್ಲ ಮೂಲಗಳನ್ನೂ ಪೈಥಾನ್ ಕೋಡಿನಿಂದ ಶುಚಿಗೊಳಿಸಿ ಎಸ್‌ಕ್ಯೂಎಲೈಟ್ ಮತ್ತು ಪಾರ್ಕೆ ಎಂಬ ಡೇಟಾ ಫೈಲಿನ ರೂಪಗಳಲ್ಲಿ ಉಚಿತವಾಗಿ ಹಂಚುತ್ತದೆ, ಕೋಡೂ ಮುಕ್ತವಾಗಿದೆ. ಕಲಿಯುವವರು ಸ್ವಂತವಾಗಿ ಒಂದು ಸಣ್ಣ ರಾಜ್ಯದ ಒಂದು ವರ್ಷವನ್ನು ಜೋಡಿಸಿ, ಆಮೇಲೆ ಪುಡ್ಲ್‌ನೊಂದಿಗೆ ತಾಳೆ ನೋಡುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಅನುಕ್ರಮ. ಸಿದ್ಧ ಡೇಟಾದಿಂದಲೇ ಆರಂಭಿಸಿದರೆ ಅದರೊಳಗೆ ಎಷ್ಟು ನಿರ್ಧಾರಗಳು ಅಡಗಿವೆಯೆಂಬುದು ಕಣ್ಣಿಗೆ ಬೀಳುವುದೇ ಇಲ್ಲ.

ಯಾವುದಕ್ಕೆ ಯಾವುದು ಸೇರುತ್ತದೆ

ಇಪಿಎಗೆ ಬೇಕಾದದ್ದು ಹೊಗೆ. ಆದ್ದರಿಂದ ಅದರ ಘಟಕವೆಂದರೆ ಇಂಧನ ಉರಿಯುವ ಜಾಗ, ಅಂದರೆ ಬಾಯ್ಲರ್ ಅಥವಾ ಅನಿಲ ಟರ್ಬೈನ್. ಇಐಎಗೆ ಮುಖ್ಯವಾಗಿ ಬೇಕಾದದ್ದು ವಿದ್ಯುತ್. ಅದರ ಘಟಕ ಜನರೇಟರ್. ಹಳೆಯ ಕಲ್ಲಿದ್ದಲು ಸ್ಥಾವರದಲ್ಲಿ ಒಂದು ಬಾಯ್ಲರಿಗೆ ಒಂದು ಜನರೇಟರ್ ಇದ್ದು ಎರಡರ ಸಂಖ್ಯೆಯೂ ಒಂದೇ ಆಗಿದ್ದರೆ ಜೋಡಣೆ ಸಲೀಸು. ಹಲವು ಬಾಯ್ಲರುಗಳ ಉಗಿ ಒಂದೇ ಕೊಳವೆಗೆ ಸೇರಿ ಅಲ್ಲಿಂದ ಹಲವು ಟರ್ಬೈನುಗಳಿಗೆ ಹಂಚಿಹೋಗುವ ಕಡೆ, ಅಥವಾ ಅನಿಲ ಟರ್ಬೈನಿನ ಬಿಸಿ ಹೊಗೆಯಿಂದ ಉಗಿ ಟರ್ಬೈನನ್ನೂ ತಿರುಗಿಸುವ ಕಂಬೈನ್ಡ್ ಸೈಕಲ್ ಸ್ಥಾವರಗಳಲ್ಲಿ, ಹಾಗೆ ನಡೆಯುವುದಿಲ್ಲ.

ಅಲಬಾಮಾ ರಾಜ್ಯದ ಮೊಬೀಲ್ ನದಿಯ ದಂಡೆಯ ಬ್ಯಾರಿ ಸ್ಥಾವರವನ್ನು ನೋಡೋಣ. ಇಐಎ ಪಟ್ಟಿಯಲ್ಲಿ ಅದರ ಸಂಕೇತಸಂಖ್ಯೆ 3. ಇಪಿಎ ಕಡತದಲ್ಲೂ ಅದೇ. ಆದ್ದರಿಂದ ಸ್ಥಾವರದ ಮಟ್ಟದ ಜೋಡಣೆ ತಟ್ಟನೆ ಕೂಡುತ್ತದೆ. ಒಳಗೆ ಇಳಿದರೆ, ಅಲ್ಲಿಯ ಮೊದಲ ಕಂಬೈನ್ಡ್ ಸೈಕಲ್ ವಿಭಾಗದ ಎರಡು ಅನಿಲ ಟರ್ಬೈನುಗಳನ್ನು ಇಪಿಎ 6ಎ ಮತ್ತು 6ಬಿ ಎನ್ನುತ್ತದೆ. ಇಐಎ ಅವೇ ಎರಡನ್ನು ಎ1ಸಿಟಿ ಮತ್ತು ಎ1ಸಿಟಿ2 ಎಂದು ಕರೆಯುತ್ತದೆ. ಅವೆರಡರ ಬಿಸಿ ಹೊಗೆಯಿಂದ ಹುಟ್ಟುವ ಉಗಿಯಿಂದ ತಿರುಗುವ ಮೂರನೆಯ ಯಂತ್ರವಾದ ಎ1ಎಸ್‌ಟಿಗೆ ಇಐಎಯಲ್ಲಿ ಸ್ವಂತ ಸಾಲು ಇದೆ. ಇಪಿಎಯಲ್ಲಿ ಇಲ್ಲ, ಏಕೆಂದರೆ ಅದು ತಾನಾಗಿ ಏನನ್ನೂ ಉರಿಸುವುದಿಲ್ಲ.

ಈಗ ಸಂಬಂಧಗಳನ್ನು ಬರೆದುಕೊಂಡರೆ ನಾಲ್ಕು ಸಾಲುಗಳಾಗುತ್ತವೆ: 6ಎಯಿಂದ ಎ1ಸಿಟಿ, 6ಎಯಿಂದ ಎ1ಎಸ್‌ಟಿ, 6ಬಿಯಿಂದ ಎ1ಸಿಟಿ2, 6ಬಿಯಿಂದ ಎ1ಎಸ್‌ಟಿ. ಈ ಕೋಷ್ಟಕದ ಮೂಲಕ ಹೊಗೆಯ ಅಂಕಿಗಳನ್ನು ಉತ್ಪಾದನೆಯ ಅಂಕಿಗಳಿಗೆ ನೇರವಾಗಿ ಜೋಡಿಸಿ ಮೊತ್ತ ತೆಗೆದರೆ 6ಎಯ ಇಂಗಾಲದ ಡೈಆಕ್ಸೈಡ್ ಎರಡು ಬಾರಿ, 6ಬಿಯದೂ ಎರಡು ಬಾರಿ, ಜೊತೆಗೆ ಎ1ಎಸ್‌ಟಿಯ ವಿದ್ಯುತ್ ಸಹ ಎರಡು ಬಾರಿ ಸೇರುತ್ತದೆ. ಎರಡೂ ಕಡೆ ಉಬ್ಬಿರುವುದರಿಂದ ಪ್ರತಿ ಯೂನಿಟ್ ವಿದ್ಯುತ್ತಿಗೆ ಎಷ್ಟು ಹೊಗೆ ಎಂಬ ಅನುಪಾತ ಸುಮಾರಾಗಿ ನಂಬುವಂತೆಯೇ ಕಾಣುತ್ತದೆ. ಅದೇ ಇಲ್ಲಿನ ಅಪಾಯ.

ಪರಿಹಾರ ಹೀಗಿದೆ. ಘಟಕಗಳನ್ನೂ ಜನರೇಟರುಗಳನ್ನೂ ಬಿಂದುಗಳೆಂದೂ ಸಂಬಂಧಗಳನ್ನು ಗೆರೆಗಳೆಂದೂ ಭಾವಿಸಿ, ಗೆರೆಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ತಲುಪಬಹುದಾದ ಎಲ್ಲ ಬಿಂದುಗಳನ್ನು ಒಂದು ಗುಂಪೆಂದು ಪರಿಗಣಿಸಬೇಕು. ಬ್ಯಾರಿಯ ಮೇಲಿನ ಐದೂ ಹೆಸರುಗಳು ಒಂದೇ ಗುಂಪಾಗುತ್ತವೆ. ಮೊದಲು ಹೊಗೆಯನ್ನು ಗುಂಪಿನ ಮಟ್ಟಕ್ಕೆ ಕೂಡಬೇಕು. ಉತ್ಪಾದನೆಯನ್ನು ಪ್ರತ್ಯೇಕವಾಗಿ ಅದೇ ಮಟ್ಟಕ್ಕೆ ಕೂಡಬೇಕು. ಅನಂತರವೇ ಎರಡನ್ನೂ ಜೋಡಿಸಬೇಕು. ಪುಡ್ಲ್‌ನಲ್ಲಿ ಉಪಸ್ಥಾವರ ಎಂಬ ಅರ್ಥದ ಗುರುತುಸಂಖ್ಯೆ ಬಂದಿರುವುದು ಇದೇ ತರ್ಕದಿಂದ. ಘಟಕಕ್ಕೂ ಜನರೇಟರಿಗೂ ನಂಟು ಹೇಳುವ ಸೇತುಕೋಷ್ಟಕವನ್ನು ಇಪಿಎ ತಾನೇ ಸಿದ್ಧಪಡಿಸಿ ಪ್ರಕಟಿಸಿದೆ. ಅದನ್ನು ಯಾವ ಮುಖ್ಯ ಕೋಷ್ಟಕದೊಳಗೂ ಬೆರೆಸದೆ ಬೇರೆಯಾಗಿಯೇ ಇಡಬೇಕು. ನಂಟು ತಪ್ಪೆಂದು ನಾಳೆ ಗೊತ್ತಾದರೆ ತಿದ್ದಬೇಕಾದದ್ದು ಒಂದೇ ಜಾಗದಲ್ಲಿರುತ್ತದೆ.

ಗುರುತುಸಂಖ್ಯೆಗಳ ಬಗ್ಗೆ ಒಂದು ಸಣ್ಣ ಎಚ್ಚರಿಕೆ: ಅವನ್ನು ಯಾವಾಗಲೂ ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ಓದಿಸಿ ಒಂದೇ ರೂಪಕ್ಕೆ ತರಬೇಕು. ಎಕ್ಸೆಲ್ ಹಾಳೆಯಲ್ಲಿ ಒಂದು ವರ್ಷ 01 ಎಂದಿದ್ದದ್ದು ಇನ್ನೊಂದು ವರ್ಷ ಬರೀ 1 ಆಗಿರಬಹುದು, ಆಗ ಒಂದೇ ಜನರೇಟರ್ ಎರಡಾಗಿ ಎಣಿಕೆಯಾಗುತ್ತದೆ.

ಜೋಡಿಯಾಗದೆ ಉಳಿದ ಸಾಲುಗಳೆಲ್ಲ ದೋಷವೂ ಅಲ್ಲ. ಜಲ, ಪವನ, ಅಣು ಸ್ಥಾವರಗಳು ಇಐಎಯಲ್ಲಿ ಮಾತ್ರ ಇರುತ್ತವೆ. ವಿದ್ಯುತ್ತನ್ನೇ ಉತ್ಪಾದಿಸದ ಕೆಲವು ಕಾರ್ಖಾನೆ ಬಾಯ್ಲರುಗಳು ಇಪಿಎಯಲ್ಲಿ ಮಾತ್ರ ಇರುತ್ತವೆ. ಕೆಲವು ಘಟಕಗಳು ಮೇಯಿಂದ ಸೆಪ್ಟೆಂಬರ್‌ವರೆಗಿನ ಓಝೋನ್ ಋತುವಿಗೆ ಮಾತ್ರ ವರದಿ ಕೊಡುತ್ತವೆ. ಅವುಗಳ ಚಳಿಗಾಲದ ಖಾಲಿ ಜಾಗವನ್ನು ಸೊನ್ನೆಯೆಂದು ತುಂಬಿದರೆ ವಾರ್ಷಿಕ ಮೊತ್ತ ಸುಳ್ಳಾಗುತ್ತದೆ.

ಒಂದು ಗಂಟೆಯ ಸಾಲಿನೊಳಗೆ

ಸೆಮ್ಸ್ ಸಾಲಿನಲ್ಲಿ ಕಾರ್ಯಾವಧಿ ಎಂಬ ಕಾಲಂ ಇರುತ್ತದೆ, ಬೆಲೆ 0ಯಿಂದ 1ರವರೆಗೆ. ಘಟಕವು ಆ ಗಂಟೆಯಲ್ಲಿ ಹದಿನೈದು ನಿಮಿಷ ಮಾತ್ರ ಓಡಿದ್ದರೆ ಅಲ್ಲಿ 0.25 ಇರುತ್ತದೆ. ವಿದ್ಯುತ್ ಹೊರೆಯ ಕಾಲಂ ಓಡಿದಷ್ಟು ಹೊತ್ತಿನ ಸರಾಸರಿ ಮೆಗಾವಾಟನ್ನು ಹೇಳುತ್ತದೆ. ಆದ್ದರಿಂದ 400 ಮೆಗಾವಾಟ್ ಎಂದಿದ್ದ ಮಾತ್ರಕ್ಕೆ 400 ಮೆಗಾವಾಟ್-ಗಂಟೆ ಎಂದು ಕೂಡಬಾರದು, 0.25ರಿಂದ ಗುಣಿಸಿದರೆ ಬರುವ 100 ಮೆಗಾವಾಟ್-ಗಂಟೆಯೇ ನಿಜವಾದ ಉತ್ಪಾದನೆ. ಅದೇ ಸಾಲಿನ ಶಾಖ ಮತ್ತು ಹೊಗೆಯ ಕಾಲಂಗಳಾದರೋ ಈಗಾಗಲೇ ಆ ಗಂಟೆಯ ಮೊತ್ತಗಳು, ಅವನ್ನು ಗುಣಿಸಬಾರದು. ದಿನವಿಡೀ ಓಡುವ ದೊಡ್ಡ ಘಟಕದಲ್ಲಿ ಈ ತಪ್ಪು ಅಡಗಿಕೊಳ್ಳುತ್ತದೆ. ಸಂಜೆಯ ಬೇಡಿಕೆಗೆಂದು ದಿನಕ್ಕೊಮ್ಮೆ ಹೊತ್ತಿಸಿ ಆರಿಸುವ ಅನಿಲ ಟರ್ಬೈನಿನಲ್ಲಿ ಎದ್ದು ಕಾಣುತ್ತದೆ.

ಸಮಯದ ವಿಷಯದಲ್ಲಿ ಸೆಮ್ಸ್ ವರ್ಷಪೂರ್ತಿ ಸ್ಥಳೀಯ ಪ್ರಮಾಣಿತ ಕಾಲವನ್ನೇ ಬಳಸುತ್ತದೆ, ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಪದ್ಧತಿಯನ್ನು ಅನುಸರಿಸುವುದಿಲ್ಲ. ಗಡಿಯಾರದ ಕಾಲದಲ್ಲಿರುವ ಗ್ರಿಡ್ ಬೇಡಿಕೆಯೊಂದಿಗೆ ಇದನ್ನು ಹಾಗೆಯೇ ಜೋಡಿಸಿದರೆ ಬೇಸಿಗೆಯುದ್ದಕ್ಕೂ ಒಂದು ಗಂಟೆ ಜಾರಿರುತ್ತದೆ. ಸ್ಥಾವರದ ಕಾಲವಲಯವನ್ನು ತಿಳಿದು ಎಲ್ಲವನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಕಾಲಕ್ಕೆ, ತಂದಿಡುವುದೇ ಸರಳ ದಾರಿ.

ಪ್ರತಿ ಅಳತೆಯ ಪಕ್ಕದಲ್ಲಿ ಅದು ಅಳೆದದ್ದೋ, ಲೆಕ್ಕ ಹಾಕಿದ್ದೋ, ಬದಲಿಯಾಗಿ ತುಂಬಿದ್ದೋ ಎಂಬ ಸಂಕೇತವೂ ಇರುತ್ತದೆ. ಜಾಗ ಉಳಿಸಲೆಂದು ಹಲವರು ಈ ಕಾಲಂ ಅನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು. ಉಪಕರಣ ಕೆಟ್ಟ ಗಂಟೆಗಳಿಗೆ ತುಂಬುವ ಬದಲಿ ಅಂಕಿಗಳು ತಟಸ್ಥ ಅಂದಾಜುಗಳಲ್ಲ. ಉಪಕರಣದ ಲಭ್ಯತೆ 95, 90, 80 ಶೇಕಡದ ಮೆಟ್ಟಿಲುಗಳನ್ನು ಇಳಿದಂತೆಲ್ಲ ಬದಲಿ ಅಂಕಿ ಹೆಚ್ಚುಹೆಚ್ಚು ಕಠಿಣವಾಗುತ್ತದೆ. 80ಕ್ಕಿಂತ ಕೆಳಗಿಳಿದರೆ ಸಾಧ್ಯವಿರುವ ಗರಿಷ್ಠವನ್ನೇ ಬರೆಯಬೇಕಾಗುತ್ತದೆ. ಮಾಪಕ ಕೆಟ್ಟರೆ ಮಾಲೀಕನಿಗೆ ಲಾಭವಾಗಬಾರದೆಂಬುದು ನಿಯಮದ ಉದ್ದೇಶ, ಅದು ನ್ಯಾಯವೂ ಹೌದು. ಆದರೆ ನಮ್ಮ ವಿಶ್ಲೇಷಣೆಯಲ್ಲಿ ಆ ಗಂಟೆಗಳು ದಂಡದಂತೆ ಏರಿಸಿದ ಸಂಖ್ಯೆಗಳು ಎಂಬ ಅರಿವಿರಬೇಕು.

ತಾಳೆ ನೋಡುವುದು

ಸೆಮ್ಸ್ ಕೊಡುವುದು ಒಟ್ಟು ಉತ್ಪಾದನೆ, 923ನೆಯ ಫಾರ್ಮು ಕೊಡುವುದು ನಿವ್ವಳ; ಪಂಪು, ಫ್ಯಾನು, ಕಲ್ಲಿದ್ದಲು ಪುಡಿಮಾಡುವ ಗಿರಣಿ ಮುಂತಾದ ಸ್ಥಾವರದ ಸ್ವಂತ ಬಳಕೆ ಇವೆರಡರ ನಡುವಿನ ವ್ಯತ್ಯಾಸ. ಆದ್ದರಿಂದ ನಿವ್ವಳವು ಒಟ್ಟಿಗಿಂತ ಸ್ವಲ್ಪ ಕಡಿಮೆಯಿರಬೇಕು. ಕಂಬೈನ್ಡ್ ಸೈಕಲ್ ಗುಂಪೊಂದರಲ್ಲಿ ನಿವ್ವಳವೇ ಒಟ್ಟಿಗಿಂತ ಬಹಳ ಹೆಚ್ಚಿದ್ದರೆ, ಆ ಸ್ಥಾವರದವರು ಇಪಿಎಗೆ ಕೊಡುವ ಹೊರೆಯಲ್ಲಿ ಉಗಿ ಟರ್ಬೈನಿನ ಪಾಲನ್ನು ಸೇರಿಸಿಲ್ಲವೆಂದು ಊಹಿಸಬಹುದು.

ಇನ್ನೊಂದು ಪರೀಕ್ಷೆ ಶಾಖದರ, ಅಂದರೆ ಒಂದು ಕಿಲೋವಾಟ್-ಗಂಟೆಗೆ ಎಷ್ಟು ಬಿಟಿಯು (ಶಾಖವನ್ನು ಅಳೆಯುವ ಒಂದು ಮಾನ) ಶಾಖ ಬೇಕಾಯಿತೆಂಬುದು. ಒಂದು ಕಿಲೋವಾಟ್-ಗಂಟೆಯಲ್ಲಿರುವ ಶಕ್ತಿಯೇ ಸುಮಾರು 3,412 ಬಿಟಿಯು. ಅದಕ್ಕಿಂತ ಕಡಿಮೆ ಬಂದರೆ ಜೋಡಣೆ ತಪ್ಪೆಂದು ಭೌತಶಾಸ್ತ್ರವೇ ಹೇಳುತ್ತದೆ. ಕಂಬೈನ್ಡ್ ಸೈಕಲಿಗೆ 7,000ದ ಆಸುಪಾಸು, ಹಳೆಯ ಕಲ್ಲಿದ್ದಲು ಘಟಕಕ್ಕೆ 10,000ದ ಆಸುಪಾಸು ಸಹಜ. ಕಂಬೈನ್ಡ್ ಸೈಕಲಿಗೆ 11,000 ಬಂದರೆ ಮತ್ತೆ ಉಗಿ ಟರ್ಬೈನನ್ನೇ ಹುಡುಕಬೇಕು.

ಮೂರನೆಯದು ಇಂಗಾಲದ ಡೈಆಕ್ಸೈಡನ್ನು ಶಾಖದಿಂದ ಭಾಗಿಸುವುದು. ನೈಸರ್ಗಿಕ ಅನಿಲಕ್ಕೆ ಹತ್ತು ಲಕ್ಷ ಬಿಟಿಯುಗೆ ಸುಮಾರು 0.059 ಅಮೆರಿಕನ್ ಟನ್ ಬರಬೇಕು (ಈ ಟನ್ 2,000 ಪೌಂಡ್, ಅಂದರೆ ಸುಮಾರು 907 ಕಿಲೋಗ್ರಾಂ). 0.054 ಬಂದರೆ ದಾರಿಯಲ್ಲಿ ಯಾವುದೋ ಹಂತ ಮೆಟ್ರಿಕ್ ಟನ್ನಿಗೆ ಬದಲಾಯಿಸಿದೆ. ಅನಿಲವೆಂದು ಗುರುತಿಸಿದ ಘಟಕಕ್ಕೆ 0.10 ಬಂದರೆ ಅದು ಆ ವರ್ಷ ಇನ್ನೂ ಕಲ್ಲಿದ್ದಲನ್ನೇ ಉರಿಸುತ್ತಿತ್ತು. 860ನೆಯ ಫಾರ್ಮಿನ ಬೇರೆ ವರ್ಷದ ಪ್ರತಿಯಿಂದ ಇಂಧನದ ಹೆಸರು ಬಂದಿದೆ ಎಂದು ಸಂಶಯಿಸಬೇಕು.

ಎರಡು ಇಲಾಖೆಗಳ ಶಾಖದ ಅಂಕಿಗಳು ಸರಿಯಾದ ಜೋಡಣೆಯಲ್ಲೂ ಪೂರ್ತಿ ಹೊಂದುವುದಿಲ್ಲ. ಕಲ್ಲಿದ್ದಲು ಘಟಕದಲ್ಲಿ ಒಂದು ಚಿಮಣಿಯ ಹರಿವಿನಿಂದ ಬಂದದ್ದು, ಇನ್ನೊಂದು ಉರಿಸಿದ ಕಲ್ಲಿದ್ದಲಿನ ತೂಕದಿಂದ ಬಂದದ್ದು. ಸರಾಸರಿ ತೆಗೆದು ಸಮಾಧಾನ ಮಾಡುವ ಬದಲು ಎರಡನ್ನೂ ಬೇರೆ ಕಾಲಂಗಳಲ್ಲಿ, ಮೂಲದ ಹೆಸರಿನೊಂದಿಗೆ ಇಡಬೇಕು. ಇಲಾಖೆಗಳು ಹಳೆಯ ವರದಿಗಳನ್ನು ಪರಿಷ್ಕರಿಸುವುದರಿಂದ ಇಳಿಸಿಕೊಂಡ ದಿನಾಂಕವನ್ನೂ ದಾಖಲಿಸಿ ಮೂಲ ಫೈಲನ್ನು ಮುಟ್ಟದೆ ಉಳಿಸಿಕೊಳ್ಳಬೇಕು.

ನಮ್ಮ ಕಡೆಯ ಸ್ಥಾವರಗಳಿಗೆ

ಭಾರತದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಇಂಗಾಲದ ಡೈಆಕ್ಸೈಡಿನ ಆಧಾರ ಡೇಟಾಬೇಸನ್ನು 2006ರಿಂದ ಪ್ರಕಟಿಸುತ್ತಿದೆ. ಅದು ವಾರ್ಷಿಕ, ಅದೂ ಏಪ್ರಿಲಿನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷದ್ದು. ಹೊಗೆಯನ್ನು ಚಿಮಣಿಯಲ್ಲಿ ಅಳೆದದ್ದಲ್ಲ, ಇಂಧನದಿಂದ ಲೆಕ್ಕ ಹಾಕಿದ್ದು. ಪ್ರಾಧಿಕಾರದ ದೈನಿಕ ಉತ್ಪಾದನಾ ವರದಿಗಳನ್ನು ಅದಕ್ಕೆ ಹೊಂದಿಸಲು ಬಯಸುವವರು ಮೊದಲು ಏಪ್ರಿಲ್–ಮಾರ್ಚ್ ಮೊತ್ತ ತೆಗೆಯಬೇಕು, ಅನಂತರ ಘಟಕವಾರು ಸೇತುಕೋಷ್ಟಕ ಬರೆಯಬೇಕು. ಅಭ್ಯಾಸಕ್ಕೆ ರಾಯಚೂರು ಶಾಖೋತ್ಪನ್ನ ಕೇಂದ್ರ ಒಳ್ಳೆಯ ಆಯ್ಕೆ: 210 ಮೆಗಾವಾಟಿನ ಏಳು ಘಟಕ, 250ರ ಒಂದು, ಒಟ್ಟು 1,720. ಅದೇ ಜಿಲ್ಲೆಯಲ್ಲಿ 800 ಮೆಗಾವಾಟಿನ ಎರಡು ಘಟಕಗಳಿರುವ ಯರಮರಸ್ ಕೇಂದ್ರವೂ ಇರುವುದರಿಂದ, ಜಿಲ್ಲೆಯ ಹೆಸರನ್ನೇ ಕೀಲಿಯಾಗಿಸಿ ಜೋಡಿಸಲು ಹೊರಟರೆ ಎರಡೂ ಕೇಂದ್ರಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ಕೇಂದ್ರದ ಹೆಸರು ಮತ್ತು ಘಟಕಸಂಖ್ಯೆ ಎರಡನ್ನೂ ಸೇರಿಸಿಯೇ ಕೀಲಿ ಮಾಡಿಕೊಳ್ಳಬೇಕು.