ವಾರ್ನಿಂಗ್ ಎರರ್ ಆದ ದಿನ

ಹೋದ ತಿಂಗಳು ನಮ್ಮ ಬಿಲ್ಡ್ ಮಷಿನ್‌ನಲ್ಲಿ ಡೆಬಿಯನ್ ಲಿನಕ್ಸ್‌ನ 11ನೇ ಆವೃತ್ತಿ ತೆಗೆದು ಡೆಬಿಯನ್ 13 ಹಾಕಿದೆವು. ಅದರ ಜೊತೆಗೇ, ನಮ್ಮ ಸಿ ಭಾಷೆಯ ಕೋಡನ್ನು ಮಷಿನ್‌ಗೆ ಅರ್ಥವಾಗುವ ಪ್ರೋಗ್ರಾಂ ಮಾಡುವ ಕಂಪೈಲರ್ ಕೂಡ ಬದಲಾಯಿತು: ಜಿಸಿಸಿ 10 ಹೋಗಿ ಜಿಸಿಸಿ 14 ಬಂತು. ಸೋಮವಾರ ಬೆಳಿಗ್ಗೆ, ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು. "ಸರ್, ನಾನು ಕೋಡ್ ಮುಟ್ಟೇ ಇಲ್ಲ. ಶುಕ್ರವಾರ ಬಿಲ್ಡ್ ಆಗಿತ್ತು. ಈಗ 38 ಎರರ್ ಬರ್ತಿದೆ" ಅಂದಳು. ಗಾಬರಿಯಾಗಿದ್ದಳು.

ಅವಳು ಹೇಳಿದ್ದು ನಿಜ. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ನಾನು ಹಳೆಯ ಬಿಲ್ಡ್‌ನ ಲಾಗ್ ತೆರೆದು ಹೊಸದರ ಪಕ್ಕದಲ್ಲಿಟ್ಟೆ. ಅದೇ ಫೈಲ್, ಅದೇ ಸಾಲು, ಅದೇ ಮಾತು: 'ಇಂಪ್ಲಿಸಿಟ್ ಡಿಕ್ಲರೇಷನ್ ಆಫ್ ಫಂಕ್ಷನ್'. ಹಳೆಯ ಲಾಗ್‌ನಲ್ಲಿ ಅದರ ಮುಂದೆ 'ವಾರ್ನಿಂಗ್' ಅಂತಿತ್ತು. ಹೊಸದರಲ್ಲಿ 'ಎರರ್' ಅಂತಿದೆ. ಅಷ್ಟೇ ವ್ಯತ್ಯಾಸ. ಆದರೆ ವಾರ್ನಿಂಗ್ ಬಂದರೂ ಬಿಲ್ಡ್ ಆಗುತ್ತದೆ, ಎರರ್ ಬಂದರೆ ಆಗುವುದಿಲ್ಲ.

ಈ ಒಂದು ಪದ ಬದಲಾಗಲು 25 ವರ್ಷ ಹಿಡಿಯಿತು. ಹಳೆಯ ಸಿ ಭಾಷೆಯಲ್ಲಿ ಒಂದು ಫಂಕ್ಷನ್ ಎಲ್ಲಿದೆ, ಅದು ಏನೇನು ತೆಗೆದುಕೊಳ್ಳುತ್ತದೆ ಅಂತ ಮೊದಲೇ ಹೇಳದೆ ಸುಮ್ನೆ ಕರೆಯಬಹುದಿತ್ತು. ಕಂಪೈಲರ್ ತಾನೇ ಊಹಿಸಿಕೊಳ್ಳುತ್ತಿತ್ತು: ಹಾಗಾದರೆ ಇದು ಇಂಟ್, ಅಂದರೆ ಒಂದು ಪೂರ್ಣಾಂಕ, ವಾಪಸ್ ಕೊಡುತ್ತದೆ ಅಂತ. 1999ರ ಸಿ ಮಾನದಂಡ ಈ ಸೌಲಭ್ಯವನ್ನು ತೆಗೆದುಹಾಕಿತು. ಆದರೆ ಜಿಸಿಸಿ ತುಂಬಾ ಕಾಲ ಹಳೆಯ ಮಾನದಂಡವನ್ನೇ ಡೀಫಾಲ್ಟ್ ಆಗಿ ಇಟ್ಟುಕೊಂಡಿತ್ತು. ಆಗ ಹೆಚ್ಚು ವಾರ್ನಿಂಗ್ ಕೇಳುವ 'ವಾಲ್' (-Wall) ಆಪ್ಷನ್ ಕೊಡದಿದ್ದರೆ ಇದಕ್ಕೆ ವಾರ್ನಿಂಗ್ ಕೂಡ ಬರುತ್ತಿರಲಿಲ್ಲ. 2015ರಲ್ಲಿ ಜಿಸಿಸಿ 5 ಬಂದಾಗ ಕೇಳದೆಯೇ ವಾರ್ನಿಂಗ್ ಬರಲು ಶುರುವಾಯಿತು. 2023ರಲ್ಲಿ ಇನ್ನೊಂದು ಕಂಪೈಲರ್ ಆದ ಕ್ಲ್ಯಾಂಗ್ 16 ಇದನ್ನು ಎರರ್ ಮಾಡಿತು. 2024ರ ಮೇ ತಿಂಗಳಲ್ಲಿ ಬಂದ ಜಿಸಿಸಿ 14 ಕೂಡ ಅದನ್ನೇ ಮಾಡಿತು. ಅಂದರೆ ಅದೇ ತಪ್ಪಿಗೆ ಮೊದಲು ಮೌನ, ಆಮೇಲೆ ವಾರ್ನಿಂಗ್, ಈಗ ಎರರ್.

ಇಂಟ್ ಅಂತ ಊಹಿಸಿಕೊಂಡರೆ ಏನು ನಷ್ಟ ಅಂತ ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಆ ಭಾಗವನ್ನು ಹಳೆಯ ಜಿಸಿಸಿಯಲ್ಲಿ, ನಮ್ಮ ಆಪ್ಷನ್‌ಗಳನ್ನು ಬಿಟ್ಟು ಬೇರೆಯಾಗಿ ಬಿಲ್ಡ್ ಮಾಡಿ, ಓಡುವ ಪ್ರೋಗ್ರಾಂ ಒಳಗೆ ಇಣುಕುವ ಡಿಬಗರ್‌ನಲ್ಲಿ ತೋರಿಸಿದೆ. ನಮ್ಮಲ್ಲಿ ಒಂದು ಫಂಕ್ಷನ್ ಇದೆ, ಹೆಸರು ಹುಡುಕಿ ಅದರ ಪಾಯಿಂಟರ್, ಅಂದರೆ ಮೆಮೊರಿಯಲ್ಲಿ ಅದಿರುವ ವಿಳಾಸ, ಕೊಡುತ್ತದೆ. ಅದು ಕೊಟ್ಟ ವಿಳಾಸ ಹೆಕ್ಸ್‌ನಲ್ಲಿ (16ರ ಆಧಾರದ ಅಂಕಿಗಳಲ್ಲಿ) 5555 5555 9480. ಕರೆದ ಫೈಲ್‌ನಲ್ಲಿ ಹೆಡರ್, ಅಂದರೆ ಆ ಫಂಕ್ಷನ್ ಏನು ತೆಗೆದುಕೊಂಡು ಏನು ಕೊಡುತ್ತದೆ ಅಂತ ಹೇಳುವ ಫೈಲ್, ಸೇರಿಸಿರಲಿಲ್ಲ. ಹಾಗಾಗಿ ಕಂಪೈಲರ್ ಪ್ರಕಾರ ಬಂದದ್ದು ಇಂಟ್, ಅಂದರೆ 32 ಬಿಟ್, ಅಂದರೆ ಹೆಕ್ಸ್‌ನಲ್ಲಿ ಎಂಟೇ ಅಂಕಿ. ಎಡಗಡೆಯ ನಾಲ್ಕು ಅಂಕಿ ಕತ್ತರಿಸಿಹೋಗಿ ಉಳಿದದ್ದು 5555 9480. ಆ ವಿಳಾಸದಲ್ಲಿ ನಮ್ಮದೇನೂ ಇಲ್ಲ. ಅಲ್ಲಿಗೆ ಹೋಗಿ ಓದಿದರೆ ಸೆಗ್ಮೆಂಟೇಷನ್ ಫಾಲ್ಟ್, ಪ್ರೋಗ್ರಾಂ ಅಲ್ಲೇ ಬೀಳುತ್ತದೆ.

"ಹಾಗಾದ್ರೆ ಇಷ್ಟು ದಿನ ಯಾಕೆ ಬೀಳಲಿಲ್ಲ?" ಅಂದಳು. ಇದು ಎಲ್ಲರೂ ತಿಳಿದಿರಬೇಕಾದ ವಿಷಯ. ಮೊದಲು ಲಿನಕ್ಸ್‌ನಲ್ಲಿ ಪ್ರೋಗ್ರಾಂ ಸಾಮಾನ್ಯವಾಗಿ ಮೆಮೊರಿಯ ತಳಭಾಗದ ಒಂದು ನಿಗದಿತ ಜಾಗದಲ್ಲಿ ಕೂರುತ್ತಿತ್ತು. ಓಡುವಾಗ ಕೇಳಿ ಪಡೆಯುವ ಮೆಮೊರಿ, ಅಂದರೆ ಹೀಪ್ ಕೂಡ ಅದರ ಹಿಂದೆಯೇ. ವಿಳಾಸ 40 5480 ಥರ ಚಿಕ್ಕದಾಗಿರುತ್ತಿತ್ತು. ಕತ್ತರಿಸಿದರೂ ಕಳೆದುಕೊಳ್ಳಲು ಏನೂ ಇರಲಿಲ್ಲ, ಎಡಗಡೆ ಇದ್ದದ್ದು ಬರೀ ಸೊನ್ನೆ. ಆಮೇಲೆ ಸುರಕ್ಷತೆಗಾಗಿ ಪ್ರೋಗ್ರಾಂ ಎಲ್ಲಿ ಬೇಕಾದರೂ ಕೂರುವಂತೆ ಬಿಲ್ಡ್ ಮಾಡುವ ಪೈ ವಿಧಾನ ಬಂತು. ಉಬುಂಟು 16.10ರಲ್ಲಿ, ಡೆಬಿಯನ್ 9ರಲ್ಲಿ ಅದೇ ಡೀಫಾಲ್ಟ್ ಆಯಿತು. ವಿಳಾಸಗಳು ದೊಡ್ಡದಾದವು. ಹತ್ತು ವರ್ಷ ಚೆನ್ನಾಗಿ ಓಡಿದ ಕೋಡ್ ಆಗ ಬೀಳತೊಡಗಿತು. ಹೇಗೆ ಬಿಲ್ಡ್ ಮಾಡಬೇಕು ಅಂತ ಬರೆದಿಡುವ ನಮ್ಮ ಮೇಕ್‌ಫೈಲ್ ನೋಡಿದರೆ, ಯಾರೋ ಯಾವತ್ತೋ ಪೈ ಬೇಡ ಅಂತ ಆಪ್ಷನ್ ಹಾಕಿಟ್ಟಿದ್ದರು. ಕ್ರ್ಯಾಶ್ ನಿಂತಿತ್ತು. ತಪ್ಪು ಹಾಗೇ ಉಳಿದಿತ್ತು.

ಹಾಗಾಗಿ ಹೊಸ ಕಂಪೈಲರ್ ಎರರ್ ಕೊಟ್ಟಾಗ ಅದನ್ನು ಬಾಯಿ ಮುಚ್ಚಿಸುವ ಆಪ್ಷನ್ ಹುಡುಕಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಜಿಸಿಸಿ 14ರಲ್ಲಿ 'ಎಫ್-ಪರ್ಮಿಸಿವ್' ಅಂತ ಒಂದು ಆಪ್ಷನ್ ಇದೆ. ಕೊಟ್ಟರೆ ಈ ಎರರ್‌ಗಳೆಲ್ಲ ಮತ್ತೆ ವಾರ್ನಿಂಗ್ ಆಗುತ್ತವೆ. ನೀವು ತಿದ್ದಲಾಗದ, ಬೇರೆಯವರ ಹಳೆಯ ಲೈಬ್ರರಿಯ ಒಂದೆರಡು ಫೈಲ್‌ಗೆ ಅದನ್ನು ಬಳಸಿ, ತಪ್ಪಿಲ್ಲ. ಇಡೀ ಪ್ರಾಜೆಕ್ಟ್‌ಗೆ ಹಾಕಬೇಡಿ.

ಎರರ್ ಕಂಡರೆ ಪರವಾಗಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಕಾಣದೇ ಹೋಗುವ ಎರರ್. 'ಕನ್ಫಿಗರ್' ಸ್ಕ್ರಿಪ್ಟ್ ಓಡಿಸಿ ಬಿಲ್ಡ್ ಮಾಡುವ ಲೈಬ್ರರಿಗಳು ಗೊತ್ತಲ್ವಾ? ಆ ಸ್ಕ್ರಿಪ್ಟ್ ನಿಮ್ಮ ಮಷಿನ್‌ನಲ್ಲಿ ಏನೇನಿದೆ ಅಂತ ತಿಳಿಯಲು ನಾಲ್ಕೈದು ಸಾಲಿನ ಪುಟ್ಟ ಪ್ರೋಗ್ರಾಂಗಳನ್ನು ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆದರೆ 'ಯೆಸ್', ಆಗದಿದ್ದರೆ 'ನೋ'. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಆ ಪುಟ್ಟ ಪ್ರೋಗ್ರಾಂಗಳೇ ಹಳೆಯ ಶೈಲಿಯವು. ಮೇನ್ ಮುಂದೆ ಇಂಟ್ ಇರುವುದಿಲ್ಲ. ಹೆಡರ್ ಸೇರಿಸದೆ ಎಕ್ಸಿಟ್ ಕರೆದಿರುತ್ತಾರೆ. ಜಿಸಿಸಿ 14ರಲ್ಲಿ ಅವು ಕಂಪೈಲ್ ಆಗುವುದಿಲ್ಲ. ಸ್ಕ್ರಿಪ್ಟ್ ಪಾಪ 'ನೋ' ಅಂತ ಬರೆದುಕೊಂಡು ಮುಂದೆ ಹೋಗುತ್ತದೆ. ಬಿಲ್ಡ್ ಪೂರ್ತಿ ಆಗುತ್ತದೆ, ಒಂದೂ ಎರರ್ ಕಾಣುವುದಿಲ್ಲ. ಆದರೆ ಮಷಿನ್‌ನಲ್ಲಿ ಇರುವ ಒಂದು ಸೌಲಭ್ಯ ಇಲ್ಲ ಅಂತ ಲೆಕ್ಕವಾಗಿ ನಿಮ್ಮ ಲೈಬ್ರರಿಯಿಂದ ಬಿಟ್ಟುಹೋಗಿರುತ್ತದೆ. ಜಿಸಿಸಿ 14 ಬರುವ ಮೊದಲೇ ಫೆಡೋರಾ ಲಿನಕ್ಸ್‌ನವರು ತಮ್ಮ ಹಳೆಯ ಪ್ಯಾಕೇಜ್‌ಗಳನ್ನು ತಿದ್ದಲು ಕೂತದ್ದಕ್ಕೆ ಇದೂ ಒಂದು ಕಾರಣ.

ಹೊಸ ಕಂಪೈಲರ್‌ಗೆ ಹೋಗುವಾಗ ಹಳೆಯದರಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಕನ್ಫಿಗರ್ ಓಡಿಸಿ. ಎರಡೂ ಸಲದ ಯೆಸ್–ನೋ ಪಟ್ಟಿಯನ್ನು ಹೋಲಿಸಿ. ಒಂದೇ ಒಂದು ಯೆಸ್ ನೋ ಆಗಿದ್ದರೂ 'ಕನ್ಫಿಗ್ ಡಾಟ್ ಲಾಗ್' ತೆರೆಯಿರಿ. ನುಂಗಿಹಾಕಿದ ಎರರ್ ಅಲ್ಲೇ ಇರುತ್ತದೆ. ಹತ್ತು ನಿಮಿಷದ ಕೆಲಸ.

ಎರರ್ ಬರುತ್ತದೋ ಇಲ್ಲವೋ ಅನ್ನುವುದು ಒಂದಾದರೆ, ಅದು ಎಲ್ಲಿ ಬೆರಳು ತೋರಿಸುತ್ತದೆ ಅನ್ನುವುದು ಇನ್ನೊಂದು. ನಾವು ಕಾಲೇಜ್ ಲ್ಯಾಬ್‌ನಲ್ಲಿ ಟರ್ಬೋ ಸಿ ಅನ್ನುವ ಹಳೆಯ ಕಂಪೈಲರ್‌ನ ನೀಲಿ ಪರದೆಯ ಮುಂದೆ ಕೂತು ಕಲಿತವರು. 'ಸ್ಟೇಟ್‌ಮೆಂಟ್ ಮಿಸ್ಸಿಂಗ್ ಸೆಮಿಕೋಲನ್' ಅಂತ ಬರುತ್ತಿತ್ತು, ಕರ್ಸರ್ ಹೋಗಿ ಮುಂದಿನ ಸಾಲಿನಲ್ಲಿ ನಿಲ್ಲುತ್ತಿತ್ತು. ಆ ಸಾಲಿನಲ್ಲಿ ತಪ್ಪೇ ಇಲ್ಲ! ಕಂಪೈಲರ್ ಮುಂದಿನ ಪದ ಓದಿದ ಮೇಲೇ ಸೆಮಿಕೋಲನ್ ಇಲ್ಲ ಅಂತ ಅದಕ್ಕೆ ಗೊತ್ತಾಗುವುದು, ಅದಕ್ಕೇ ಅಲ್ಲಿ ನಿಲ್ಲುತ್ತಿತ್ತು. ಎಷ್ಟು ಮಕ್ಕಳು ಸರಿಯಾದ ಸಾಲನ್ನು ಅಳಿಸಿ ಅಳಿಸಿ ಮತ್ತೆ ಬರೆದಿದ್ದಾರೋ. ಜಿಸಿಸಿಯೂ ಬಹಳ ಕಾಲ ಹೀಗೇ ಮಾಡುತ್ತಿತ್ತು. 2013ರ ಜಿಸಿಸಿ 4.8ರಲ್ಲಿ ತಾನು ದೂರುವ ಸಾಲನ್ನು ಎರರ್ ಜೊತೆಗೇ ತೋರಿಸಿ ಕೆಳಗೆ ಬಾಣದ ಗುರುತು ಹಾಕಲು ಶುರುಮಾಡಿತು. 2018ರ ಜಿಸಿಸಿ 8ರಲ್ಲಿ, ಸೆಮಿಕೋಲನ್ ಬೇಕಾದ ಹಿಂದಿನ ಸಾಲಿನ ಕೊನೆಗೇ ಬೆರಳಿಡಲು ಕಲಿಯಿತು. ಪೈಥಾನ್‌ನಲ್ಲೂ ಇದೇ ಕಥೆ. 3.9ರವರೆಗೆ ಒಂದು ಬ್ರಾಕೆಟ್ ಮುಚ್ಚಲು ಮರೆತರೆ ಮುಂದಿನ ಸಾಲಿಗೆ 'ಇನ್‌ವ್ಯಾಲಿಡ್ ಸಿಂಟ್ಯಾಕ್ಸ್' ಅನ್ನುತ್ತಿತ್ತು. 2021ರ 3.10 ಆ ಬ್ರಾಕೆಟ್ಟನ್ನೇ ತೋರಿಸಿ, ಇದನ್ನು ಮುಚ್ಚಿಲ್ಲ ಅನ್ನುತ್ತದೆ. ಕಲಿಸುವ ಮೇಷ್ಟ್ರುಗಳಿಗೆ ನನ್ನದೊಂದು ವಿನಂತಿ: ದಯವಿಟ್ಟು ಮಕ್ಕಳಿಗೆ ಹೊಸ ಕಂಪೈಲರ್ ಕೊಡಿ. ಇಂಗ್ಲಿಷ್ ವಾಕ್ಯ ಪೂರ್ತಿ ಅರ್ಥವಾಗದ ಮಗುವಿಗೂ ಬಾಣ ಅರ್ಥವಾಗುತ್ತದೆ.

ಹೊಸದು ಹೇಳಿದ್ದೆಲ್ಲ ಸರಿ ಅಂತಲೂ ಇಲ್ಲ. ಕೆಲವು ವಾರ್ನಿಂಗ್‌ಗಳು, ಕೋಡನ್ನು ಚುರುಕುಗೊಳಿಸುವ ಕಂಪೈಲರ್‌ನ ಭಾಗವಾದ ಆಪ್ಟಿಮೈಸರ್ ಮಾಡುವ ಲೆಕ್ಕಾಚಾರದ ಮೇಲೆ ನಿಂತಿವೆ. ಅರೇ ಅಂಚು ದಾಟಿತು, ವೇರಿಯಬಲ್‌ಗೆ ಬೆಲೆ ಕೊಟ್ಟಿಲ್ಲವೇನೋ ಅನ್ನುವಂಥವು. ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಇವು ಬರುತ್ತವೆ, ಹೋಗುತ್ತವೆ. ಎಷ್ಟೋ ಸಲ ಸುಳ್ಳೂ ಆಗಿರುತ್ತವೆ. 2022ರಲ್ಲಿ ಲಿನಕ್ಸ್ ಕರ್ನಲ್‌ನವರೇ ಜಿಸಿಸಿ 12ಕ್ಕೆ ಅರೇ ಅಂಚಿನ ವಾರ್ನಿಂಗನ್ನು ಆಫ್ ಮಾಡಬೇಕಾಯಿತು. ಆದರೆ ಹೆಡರ್ ಇಲ್ಲ, ಪಾಯಿಂಟರ್ ಜಾಗದಲ್ಲಿ ಇಂಟ್ ಕೊಟ್ಟಿದ್ದೀರಿ ಅನ್ನುವ ದೂರುಗಳಿಗೆ ಊಹೆ ಬೇಕಿಲ್ಲ. ಅವು ಬಂದರೆ ನಂಬಿ.

ಅವಳ 38 ಎರರ್‌ಗಳಿಗೆ ವಾಪಸ್ ಬರೋಣ. ಮೇಲಿನಿಂದ ಒಂದೊಂದೇ ತೆಗೆದುಕೊಂಡು ಕೂತೆವು. ಹೆಚ್ಚಿನವು ಒಂದು ಹೆಡರ್ ಸೇರಿಸಿದ ಕೂಡಲೇ ಹೋದವು. ಮಧ್ಯಾಹ್ನದ ಹೊತ್ತಿಗೆ ಎರಡೇ ಉಳಿದವು. ಅದರಲ್ಲಿ ಒಂದಕ್ಕೆ ಹೆಡರ್ ಸೇರಿಸಿದಾಗ ಎರರ್ ಹೋಗಲಿಲ್ಲ, ಬದಲಾಯಿತು: 'ಟೂ ಫ್ಯೂ ಆರ್ಗ್ಯುಮೆಂಟ್ಸ್', ಅಂದರೆ ಫಂಕ್ಷನ್‌ಗೆ ಕೊಡಬೇಕಾದ ಬೆಲೆಗಳು ಕಡಿಮೆ ಇವೆ ಅಂತ. ಪೋರ್ಟ್‌ನಿಂದ ಉತ್ತರ ಬರುವವರೆಗೆ ಕಾಯುವ ಫಂಕ್ಷನ್ ಅದು. ಮೂರು ಆರ್ಗ್ಯುಮೆಂಟ್ ಬೇಕು. ಮೂರನೆಯದು ಎಷ್ಟು ಮಿಲಿಸೆಕೆಂಡ್ ಕಾಯಬೇಕು ಅನ್ನುವುದು. ನಾವು ಕೊಟ್ಟದ್ದು ಎರಡು. ಹೆಡರ್ ಇಲ್ಲದ್ದರಿಂದ ಎಣಿಸುವವರು ಯಾರೂ ಇರಲಿಲ್ಲ. ಮೂರನೆಯದರ ಜಾಗದಲ್ಲಿ, ಹಿಂದಿನ ಯಾವುದೋ ಲೆಕ್ಕ ಪ್ರೊಸೆಸರ್‌ನ ರಿಜಿಸ್ಟರ್‌ನಲ್ಲಿ ಬಿಟ್ಟುಹೋಗಿದ್ದ ಅಂಕಿ ಹೋಗುತ್ತಿತ್ತು. ಅದು ಚಿಕ್ಕದಿದ್ದರೆ ಬೇಗ ಮುಗಿಯುತ್ತಿತ್ತು. ದೊಡ್ಡದಿದ್ದರೆ ಗಂಟೆಗಟ್ಟಲೆ ಕಾಯುತ್ತಿತ್ತು.

ನಾನು ಕುರ್ಚಿ ಹಿಂದಕ್ಕೆ ತಳ್ಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗ್ರಾಹಕರೊಬ್ಬರು ಎರಡು ವರ್ಷದಿಂದ ಹೇಳುತ್ತಿದ್ದರು, ನಮ್ಮ ಪ್ರೋಗ್ರಾಂ ಓಡುವ ಡಬ್ಬ ಆಗಾಗ ನಿಂತುಬಿಡುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ ಅಂತ. ನಾವು ಪವರ್ ಸಪ್ಲೈ ಬದಲಿಸಿದ್ದೆವು, ಕೇಬಲ್ ಬದಲಿಸಿದ್ದೆವು.

ಅವಳು ಅಷ್ಟರಲ್ಲಿ 2022ರ ಬಿಲ್ಡ್ ಲಾಗ್ ತೆರೆದು ಹುಡುಕುತ್ತಿದ್ದಳು. ಸ್ಕ್ರೀನ್ ನನ್ನ ಕಡೆ ತಿರುಗಿಸಿದಳು. ಆ ಫೈಲ್, ಆ ಸಾಲು, ಆ ವಾರ್ನಿಂಗ್. ಅದರ ಮೇಲೆ ಕೆಳಗೆ ಇನ್ನೂ ನೂರಾರು ವಾರ್ನಿಂಗ್‌ಗಳಿದ್ದವು.