ಕಚ್ಚುವ ಮೊಲ, ಮುಚ್ಚುವ ಬಾಗಿಲು: ಗೂಡಿಗೆ ಮರಳುವುದನ್ನು ಕಲಿಸುವ ಬಗೆಗೆ ಒಂದು ಅಧ್ಯಯನ ಟಿಪ್ಪಣಿ

ಬಿ.ಎಡ್. ಮನೋವಿಜ್ಞಾನಕ್ಕೆ ಓದುವಾಗ ನಮ್ಮಲ್ಲಿ ಬಹಳ ಮಂದಿ ಎಡವುವುದು ಋಣಾತ್ಮಕ ಪುನರ್ಬಲನ ಮತ್ತು ಶಿಕ್ಷೆ ಇವೆರಡರ ವ್ಯತ್ಯಾಸದಲ್ಲಿ. ನನಗೆ ಅದನ್ನು ಬಿಡಿಸಿ ತೋರಿಸಿದ್ದು ಮನೆಯಲ್ಲಿ ಸಾಕಿದ ಚಿನ್ನಿ ಎಂಬ ಹೆಣ್ಣು ಮೊಲ. ಬೆಳಿಗ್ಗೆ ಆರರಿಂದ ಹಜಾರದಲ್ಲಿ ಓಡಾಡಿಕೊಂಡಿರುತ್ತಿದ್ದ ಅದನ್ನು ಒಂಬತ್ತರ ಹೊತ್ತಿಗೆ ಗೂಡಿಗೆ ಸೇರಿಸಿ ನಾನು ತರಗತಿಗೆ ಹೊರಡಬೇಕಾಗಿತ್ತು. ಕೈ ಚಾಚಿದೊಡನೆ ಅದರ ಕಿವಿಗಳು ಬೆನ್ನಿಗೆ ಅಂಟುತ್ತಿದ್ದವು, ಗಿಡ್ಡ ಬಾಲ ನೆಟ್ಟಗಾಗುತ್ತಿತ್ತು, ಗಂಟಲಿನಿಂದ ‘ಗುರ್’ ಎಂಬ ಚಿಕ್ಕ ಸದ್ದು ಹೊರಟ ಮರುಕ್ಷಣವೇ ಮುಂಗಾಲುಗಳೆರಡೂ ಬಂದು ಕೈಗೆ ಅಪ್ಪಳಿಸುತ್ತಿದ್ದವು. “ಇದಕ್ಕೆ ಕೊಬ್ಬು ಜಾಸ್ತಿಯಾಗಿದೆ” ಎಂದು ಅಜ್ಜಿ ತೀರ್ಪು ಕೊಟ್ಟರು. ನಾನೂ ಕೆಲವು ದಿನ ಅದನ್ನೇ ನಂಬಿ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟದಲ್ಲಿ, ಸೋಫಾದ ಸುತ್ತ ಅದನ್ನು ಅಟ್ಟಿಸಿಕೊಂಡು ಓಡಿದೆ.

ಅಮೆರಿಕದ ಮನೋವಿಜ್ಞಾನಿ ಥಾರ್ನ್‌ಡೈಕ್ ಬೆಕ್ಕುಗಳನ್ನು ಒಗಟಿನ ಪೆಟ್ಟಿಗೆಯಲ್ಲಿಟ್ಟು (ಅಗುಳಿಯಂಥದ್ದನ್ನು ಸರಿಸಿ ತಾವೇ ಹೊರಬರಬೇಕಾದ ಪೆಟ್ಟಿಗೆ) ನಡೆಸಿ 1898ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ನಾವೆಲ್ಲ ಓದಿದ್ದೇವೆ. ಅವುಗಳಿಂದ ಬೆಳೆದ ಪರಿಣಾಮ ನಿಯಮದ ಸಾರವೆಂದರೆ, ಯಾವ ವರ್ತನೆಯ ಬೆನ್ನಿಗೆ ಹಿತವಾದ ಫಲ ದೊರೆಯುತ್ತದೆಯೋ ಆ ವರ್ತನೆ ಗಟ್ಟಿಯಾಗುತ್ತದೆ. ಚಿನ್ನಿ ಇರುವ ಕಡೆಯಿಂದ ಇದನ್ನು ನೋಡಬೇಕು. ದೊಡ್ಡದೊಂದು ಕೈ ಮೇಲಿನಿಂದ ಇಳಿದು ಬರುತ್ತದೆ, ಮೊಲ ಎರಗುತ್ತದೆ, ಕೈ ತಟ್ಟನೆ ಹಿಂದೆ ಸರಿಯುತ್ತದೆ. ಹೆದರಿಸುವಂಥದ್ದು ದೂರವಾಯಿತಲ್ಲ, ಅದೇ ಅದಕ್ಕೆ ದೊರೆತ ಫಲ. ಹೀಗೆ ಅಹಿತವಾದದ್ದು ತೊಲಗಿದ್ದರಿಂದ ಒಂದು ವರ್ತನೆ ಬಲಗೊಂಡರೆ ಅದನ್ನು ಋಣಾತ್ಮಕ ಪುನರ್ಬಲನ ಎನ್ನುತ್ತೇವೆ. ಇಲ್ಲಿ ‘ಋಣಾತ್ಮಕ’ ಎಂಬ ಮಾತಿಗೆ ಕೆಟ್ಟದ್ದೆಂಬ ಅರ್ಥವಿಲ್ಲ, ಅದು ಬರಿಯ ಕಳೆಯುವ ಲೆಕ್ಕ. ಕೈ ಹಿಂದಕ್ಕೆ ಎಳೆದುಕೊಂಡ ಪ್ರತಿ ಸಲವೂ ನಾನು ಚಿನ್ನಿಗೆ ಎರಗುವುದನ್ನೇ ಕಲಿಸುತ್ತಿದ್ದೆ.

ಗೂಡಿನ ಬಾಗಿಲು ಕಲಿಸುತ್ತಿದ್ದ ಪಾಠ ಬೇರೆಯದು. ಮೊಲ ಒಳಗೆ ಕಾಲಿಟ್ಟೊಡನೆ ಬಾಗಿಲು ಮುಚ್ಚುತ್ತದೆ, ಸಂಜೆಯವರೆಗೂ ಓಡಾಟ ಮುಗಿಯುತ್ತದೆ. ಒಂದು ವರ್ತನೆಯ ಬೆನ್ನಿಗೆ ಇದ್ದ ಹಿತವೂ ಕೈತಪ್ಪಿ, ಅದರಿಂದ ಆ ವರ್ತನೆ ಕುಗ್ಗಿದರೆ, ಬೈಗುಳ ಏಟುಗಳಿಲ್ಲದಿದ್ದರೂ ಅದು ಶಿಕ್ಷೆಯೇ. ಎರಗಿದ್ದಕ್ಕೆ ಬಹುಮಾನ, ಮನೆ ಸೇರಿದ್ದಕ್ಕೆ ದಂಡ ಎಂಬ ಈ ವ್ಯವಸ್ಥೆಯಲ್ಲಿ ಯಾವ ಮೊಲ ತಾನಾಗಿ ಗೂಡಿಗೆ ಹೋದೀತು?

ಹಾಗೆಂದು ಎಲ್ಲ ಸಿಟ್ಟನ್ನೂ ಕಲಿಕೆಯ ತಲೆಗೆ ಕಟ್ಟಲಾಗದು. ತರಬೇತಿಗೆ ಮೊದಲು ಪಶುವೈದ್ಯರಿಗೆ ತೋರಿಸುವುದು ಅಗತ್ಯ. ಮೊಲದ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ, ಬಾಚಿಹಲ್ಲುಗಳಂತೂ ವಾರಕ್ಕೆ ಸುಮಾರು 2 ಮಿಲಿಮೀಟರಿನಷ್ಟು. ಒಣಹುಲ್ಲು ಸಾಕಷ್ಟು ಜಗಿಯದಿದ್ದರೆ ದವಡೆಹಲ್ಲಿನ ಮೊನೆಗಳು ನಾಲಿಗೆಯನ್ನೋ ಕೆನ್ನೆಯನ್ನೋ ಕೊರೆಯುತ್ತವೆ. ತಂತಿಬಲೆಯ ತಳವಿರುವ ಗೂಡಿನಲ್ಲಿ ಹಿಂಗಾಲಿನ ಅಡಿ ಹುಣ್ಣಾಗುತ್ತದೆ. ಇಂಥ ನೋವಿರುವ ಪ್ರಾಣಿ ಮುಟ್ಟಲು ಬಂದವರನ್ನು ಕಚ್ಚುವುದು ಸಹಜ. ಇದರ ಜೊತೆಗೆ ನಾಲ್ಕರಿಂದ ಆರು ತಿಂಗಳ ನಡುವೆ ಮೊಲಕ್ಕೆ ಹರೆಯ ಬರುತ್ತದೆ. ಏಳು ತಿಂಗಳ ಚಿನ್ನಿ ಆ ದಿನಗಳಲ್ಲಿ ಬಾಯ್ತುಂಬ ಹುಲ್ಲು ಕಚ್ಚಿಕೊಂಡು ಗೂಡಿನ ಮೂಲೆಗೆ ಸಾಗಿಸುತ್ತ, ತನ್ನ ಎದೆಯ ತುಪ್ಪಳವನ್ನೇ ಕಿತ್ತು ಅದರ ಮೇಲೆ ಹಾಸುತ್ತಿತ್ತು. ಗಂಡು ಮೊಲದ ಸುಳಿವೇ ಇಲ್ಲದ ಮನೆಯಲ್ಲಿ ಇದೇನೆಂದು ಗಾಬರಿಯಾಗಿ ಕೇಳಿದಾಗ, ಇದು ಸುಳ್ಳು ಬಸಿರು, ಎರಡು ಮೂರು ವಾರಗಳಲ್ಲಿ ಇಳಿಯುತ್ತದೆ, ಅಲ್ಲಿಯವರೆಗೆ ಗೂಡಿಗೆ ಕೈಹಾಕಬೇಡಿ ಎಂದು ವೈದ್ಯರು ತಿಳಿಸಿದರು. ಮುಂದೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಸಾಮಾನ್ಯವಾದ್ದರಿಂದ ಆ ದೃಷ್ಟಿಯಿಂದಲೂ ಅದು ಒಳ್ಳೆಯದೇ. ಆದರೆ ಹಾರ್ಮೋನುಗಳ ಪ್ರಭಾವ ತಗ್ಗಲು ಕೆಲವು ವಾರಗಳು ಬೇಕು. ಕಲಿತ ಚಾಳಿಯನ್ನು ಶಸ್ತ್ರಚಿಕಿತ್ಸೆ ಅಳಿಸುವುದೂ ಇಲ್ಲ.

ಕನ್ನಡದಲ್ಲಿ ‘ಮೊಲ’ ಎಂಬ ಒಂದೇ ಪದವನ್ನು ಎರಡು ಬೇರೆ ಪ್ರಾಣಿಗಳಿಗೆ ಬಳಸುವುದರಿಂದ ಇಲ್ಲೊಂದು ಗೊಂದಲ ಹುಟ್ಟುತ್ತದೆ. ನಮ್ಮ ಹೊಲ, ಕುರುಚಲು ಕಾಡುಗಳ ಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ನಡುವೆ ತಗ್ಗು ಮಾಡಿಕೊಂಡು ಮಲಗುತ್ತದೆ. ಮನೆಯಲ್ಲಿ ಸಾಕುವುದು ಐಬೀರಿಯಾದ ಕಡೆಯಿಂದ ಬಂದ, ನೆಲದಡಿಯ ಬಿಲಗಳಲ್ಲಿ ಗುಂಪಾಗಿ ಬಾಳುವ ಮೊಲದ ಸಂತತಿಯನ್ನು. ಗೂಡು ಅದರ ಪಾಲಿಗೆ ಬಿಲ. ಅದರೊಳಗೆ ಕೈ ತೂರಿಸುವುದು ಅತಿಕ್ರಮಣವಾದ್ದರಿಂದ, ಗುಡಿಸುವುದು, ನೀರು ಬದಲಿಸುವುದು ಎಲ್ಲವನ್ನೂ ಮೊಲ ಹೊರಗಿರುವಾಗಲೇ ಮುಗಿಸಬೇಕು. ಇದೇ ಸ್ವಭಾವ ನಮಗೆ ಅನುಕೂಲವೂ ಹೌದು: ಗೂಡಿನ ಮೂರು ಬದಿಗೆ ಬಟ್ಟೆ ಹೊದಿಸಿ, ಒಳಗೊಂದು ರಟ್ಟಿನ ಡಬ್ಬ ಮಗುಚಿ ಇಟ್ಟು, ಒಣಹುಲ್ಲು ಧಾರಾಳವಾಗಿ ಹಾಕಿದರೆ, ಬಿಲದ ಪ್ರಾಣಿಗೆ ಹೋಗಬೇಕೆನಿಸುವ ಜಾಗ ಸಿದ್ಧವಾಗುತ್ತದೆ.

ಕಲಿಸುವ ಕ್ರಮ ಹೀಗೆ. ಸ್ಟೀಲಿನ ಪುಟ್ಟ ಡಬ್ಬಿಯೊಂದರಲ್ಲಿ ಮೊಲದ ದಿನದ ಪಾಲಿನ ಪೆಲ್ಲೆಟ್‌ಗಳನ್ನೇ (ಒತ್ತಿ ಮಾಡಿದ ಒಣ ಮೇವಿನ ಕಾಳುಗಳು) ಹಾಕಿಟ್ಟುಕೊಂಡೆ. ಮೊದಲ ಮೂರು ದಿನ ಡಬ್ಬಿಯನ್ನು ಎರಡು ಸಲ ಅಲ್ಲಾಡಿಸಿ, ಚಿನ್ನಿ ಎಲ್ಲಿದೆಯೋ ಅಲ್ಲಿಗೇ ಎರಡು ಮೂರು ಕಾಳುಗಳನ್ನು ನೆಲದ ಮೇಲೆ ಉರುಳಿಸುತ್ತಿದ್ದೆ, ಕೈಯಿಂದ ತಿನ್ನಿಸುತ್ತಿರಲಿಲ್ಲ. ಊಟಕ್ಕೆ ಮೊದಲು ಕೇಳುವ ಸದ್ದಿಗೇ ಜೊಲ್ಲು ಸುರಿಸಲು ಕಲಿತ, ರಷ್ಯಾದ ವಿಜ್ಞಾನಿ ಪಾವ್ಲೋವನ ನಾಯಿಗೆ ಆದಂತೆ, ಸದ್ದು ಕೇಳಿದರೆ ತಿಂಡಿ ಎಂಬ ನಂಟು ಬೆಳೆದ ಮೇಲೆ, ಕಾಳು ಬೀಳುವ ಜಾಗವನ್ನು ಅರ್ಧರ್ಧ ಅಡಿಯಂತೆ ಗೂಡಿನತ್ತ ಸರಿಸುತ್ತ ಬಂದೆ: ಮೊದಲು ಬಾಗಿಲ ಮುಂದೆ, ಆಮೇಲೆ ಹೊಸ್ತಿಲ ಮೇಲೆ, ಆಮೇಲೆ ಒಳಗೆ, ಕೊನೆಗೆ ಒಳಮೂಲೆಯ ತಟ್ಟೆಯಲ್ಲಿ. ಮೊಲ ಹಿಂಜರಿದರೆ ಒಂದು ಹೆಜ್ಜೆ ಹಿಂದಕ್ಕೆ ಬಂದು ಅಲ್ಲಿಂದ ಮತ್ತೆ ಆರಂಭಿಸಬೇಕು. ಕೊತ್ತಂಬರಿ ಸೊಪ್ಪಿನ ಒಂದು ಎಸಳು, ಉಗುರಿನಷ್ಟು ಬಾಳೆಹಣ್ಣು ದೊಡ್ಡ ಬಹುಮಾನವಾಗುತ್ತವೆ. ಹಣ್ಣು, ಕ್ಯಾರೆಟ್‌ಗಳಲ್ಲಿ ಸಕ್ಕರೆ ಹೆಚ್ಚಿರುವುದರಿಂದ ಅವು ಅಪರೂಪಕ್ಕಿರಲಿ. ‘ಹಸಿವಾದರೆ ತಾನೇ ಬರುತ್ತದೆ, ಉಪವಾಸ ಕೆಡವಿ’ ಎಂಬ ಸಲಹೆಯನ್ನು ಯಾರೇ ಕೊಟ್ಟರೂ ಕೇಳಕೂಡದು. ಮೊಲದ ಕರುಳಿಗೆ ನಾರಿನ ಆಹಾರ ಸತತವಾಗಿ ಹೋಗುತ್ತಿರಬೇಕು. ಅರ್ಧ ದಿನ ಏನನ್ನೂ ಮುಟ್ಟದ ಮೊಲವನ್ನು ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ಇನ್ನು ಬಾಗಿಲು. ಇಡೀ ತರಬೇತಿಯ ಕೀಲಿ ಇರುವುದು ಇಲ್ಲೇ ಎಂಬುದು ನನ್ನ ಅನುಭವ. ಚಿನ್ನಿ ಒಳಗೆ ಹೋಗಿ ತಿಂದು ತನ್ನಿಷ್ಟದಂತೆ ಹೊರಗೆ ಬರುವುದನ್ನು ಒಂದು ವಾರ ಬಾಗಿಲು ಮುಟ್ಟದೆಯೇ ಅಭ್ಯಾಸ ಮಾಡಿಸಿದೆ. ಆಮೇಲೆ ಹತ್ತು ಸಲ ಒಳಹೊಕ್ಕರೆ ಒಂದು ಸಲ ಮಾತ್ರ ಮುಚ್ಚಿ, ಆ ಒಂದು ಸಲಕ್ಕೆ ಬಾಳೆಹಣ್ಣು ಮೀಸಲಿಟ್ಟು, ಅದು ತಿಂದು ಮುಗಿಸುವುದರೊಳಗೆ ಮತ್ತೆ ತೆರೆದೆ. ಮುಚ್ಚಿಡುವ ಅವಧಿಯನ್ನು ಒಂದು ನಿಮಿಷ, ಐದು ನಿಮಿಷ, ಅರ್ಧ ಗಂಟೆ ಎಂದು ಹಿಗ್ಗಿಸಿದೆ. ಲೆಕ್ಕ ತಪ್ಪದಿರಲೆಂದು ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಚೌಕದೊಳಗೆ ಗೀಟು ಹಾಕುತ್ತಿದ್ದೆ: ಒಳಹೋದದ್ದಕ್ಕೆ ನೇರ ಗೀಟು, ಮುಚ್ಚಿದ್ದಕ್ಕೆ ಅಡ್ಡ ಗೀಟು. ಹೊತ್ತಿನ ಆಯ್ಕೆಯೂ ನೆರವಾಗುತ್ತದೆ. ಮೊಲಗಳು ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಚುರುಕಾಗಿದ್ದು ಬಿಸಿಲೇರಿದಂತೆ ಮಂಕಾಗುವುದರಿಂದ, ಏಳು ಗಂಟೆಗೆ ಬಾರದ ಮೊಲ ಒಂಬತ್ತೂವರೆಗೆ ತಾನೇ ಮಲಗಲು ಜಾಗ ಹುಡುಕುತ್ತಿರುತ್ತದೆ.

ಎರಗುವ ಚಾಳಿಯನ್ನು ತಗ್ಗಿಸಲು ಅದೇ ಋಣಾತ್ಮಕ ಪುನರ್ಬಲನವನ್ನು ತಿರುಗಿಸಿ ಬಳಸಬಹುದು. ಮೊಲ ಕಿವಿ ಹಿಂದಕ್ಕೆ ಒತ್ತದಷ್ಟು ದೂರದಲ್ಲಿ ಕೈಯನ್ನು ನೆಲದ ಮೇಲಿರಿಸಿ, ಅದು ಶಾಂತವಾಗಿರುವಾಗಲೇ ನಿಧಾನವಾಗಿ ತೆಗೆಯಬೇಕು. ಆಗ ಕೈ ದೂರವಾಗುವ ಫಲ ಶಾಂತಿಗೆ ದೊರೆಯುತ್ತದೆ. ದೂರವನ್ನು ದಿನದಿನಕ್ಕೆ ಅಂಗುಲದಷ್ಟೇ ಕಡಿಮೆ ಮಾಡಬೇಕು. ಕಣ್ಣುಗಳು ತಲೆಯ ಎರಡು ಬದಿಗಿರುವ ಮೊಲಕ್ಕೆ ಸುತ್ತಲಿನ ಹೆಚ್ಚಿನದೆಲ್ಲ ಕಂಡರೂ ಮೂತಿಯ ನೇರ ಮುಂದಿನ ಚೂರು ಜಾಗ ಕಾಣದು. ನಾಯಿಗೆ ಮೂಸಲು ಕೊಡುವಂತೆ ಬೆರಳನ್ನು ಮೂತಿಗೆ ಹಿಡಿಯುವವರಿಗೆ ಕಡಿತ ತಪ್ಪದಿರುವುದಕ್ಕೆ ಇದೂ ಒಂದು ಕಾರಣ. ದಪ್ಪ ತೋಳಿನ ಅಂಗಿ ಹಾಕಿಕೊಂಡರೆ ನಮ್ಮ ಕೈ ಬೆಚ್ಚಿ ಹಿಂದೆ ಸರಿಯುವುದು ಕಡಿಮೆಯಾಗುತ್ತದೆ.

ತುರ್ತಾಗಿ ಒಳಗೆ ಸೇರಿಸಲೇಬೇಕಾದ ದಿನ ಅಗಲವಾದ ಎರಡು ರಟ್ಟುಗಳನ್ನು ಗೋಡೆಯಂತೆ ಹಿಡಿದು, ದಾರಿ ಕಿರಿದಾಗಿಸುತ್ತ, ಮೆಲ್ಲಗೆ ಗೂಡಿನತ್ತ ನಡೆಸಬೇಕು. ಕಿವಿ ಹಿಡಿದು ಎತ್ತುವುದಂತೂ ಕೂಡದು. ಹಿಂಗಾಲಿನ ಸ್ನಾಯುಗಳು ಬಲು ಗಟ್ಟಿ, ಮೂಳೆಗಳು ಹಗುರ. ಹಿಂಭಾಗಕ್ಕೆ ಆಸರೆಯಿಲ್ಲದೆ ಎತ್ತಿದಾಗ ಮೊಲ ಕೊಸರಿಕೊಂಡು ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು.

ಈಗ ಡಬ್ಬಿ ಅಲ್ಲಾಡಿಸಿದರೆ ಚಿನ್ನಿ ಸೋಫಾದ ಅಡಿಯಿಂದ ಹೊರಬಂದು ಮೂಲೆಯ ತಟ್ಟೆಯತ್ತ ಓಡುತ್ತದೆ. ಪರೀಕ್ಷೆಯ ವಾರದಲ್ಲಿ ಮಾತ್ರ ಎರಡು ದಿನ ಹೊಸ್ತಿಲವರೆಗೆ ಬಂದು, ನನ್ನ ಕಡೆ ನೋಡಿ, ಹಿಂದಿರುಗಿ ಹೋಯಿತು. ಕ್ಯಾಲೆಂಡರ್ ತೆಗೆದು ನೋಡಿದೆ. ಆ ವಾರದ ಚೌಕಗಳಲ್ಲಿ ಇದ್ದವೆಲ್ಲ ಅಡ್ಡ ಗೀಟುಗಳೇ.