ಬಾಂಬೇಲಿ ಹುಟ್ಟಿದ ಕೋಚು, 21 ಕಪ್ಪು, ಆಮೇಲೆ 12 ವರ್ಷದ ಬರ: ಆನ್ಸನ್ ಡೊರಾನ್ಸ್ ಕಥೆ

2024ರ ಆಗಸ್ಟಲ್ಲಿ, ಸೀಸನ್ ಶುರುವಾಗೋಕೆ ಇನ್ನೇನು ಕೆಲವೇ ದಿನ ಇದೆ ಅನ್ನೋವಾಗ, ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲೈನಾದ ಹುಡುಗೀರ ಸಾಕರ್ (ಅಂದ್ರೆ ನಮ್ಮ ಫುಟ್ಬಾಲೇ) ಟೀಮಿನ ಕೋಚ್ ಆನ್ಸನ್ ಡೊರಾನ್ಸ್ ಇನ್ನು ಸಾಕು ಅಂತ ಕೆಲಸ ಬಿಟ್ರು. ವಯಸ್ಸು 73. 1979ರಲ್ಲಿ ಆ ಟೀಮ್ ಹುಟ್ಟಿದಾಗಿಂದ ಅದಕ್ಕೆ ಅವರನ್ನ ಬಿಟ್ರೆ ಬೇರೆ ಹೆಡ್ ಕೋಚೇ ಇರ್ಲಿಲ್ಲ. 934 ಗೆಲುವು, 88 ಸೋಲು, 53 ಡ್ರಾ, 21 ಎನ್‌ಸಿಎಎ ಚಾಂಪಿಯನ್‌ಶಿಪ್ಪು, ಇದು ಅವರ ಲೆಕ್ಕ (ಎನ್‌ಸಿಎಎ ಅಂದ್ರೆ ಅಮೆರಿಕದ ಕಾಲೇಜ್ ಆಟಗಳನ್ನ ನಡೆಸೋ ಸಂಸ್ಥೆ). ಆದ್ರೆ ಅದ್ರಲ್ಲಿ ಕೊನೇದು ಬಂದಿದ್ದು 2012ರಲ್ಲಿ, ಆಮೇಲೆ 2018, 2019, 2022 ಮೂರು ಸಲ ಫೈನಲ್ಲಿಗೆ ಹೋಗಿ ಮೂರೂ ಸೋತ್ರು. ತಮಾಷೆ ಏನಪ್ಪಾ ಅಂದ್ರೆ ಇವರು ಬಿಟ್ಟ ನಾಲ್ಕೇ ತಿಂಗಳಿಗೆ, ಡಿಸೆಂಬರ್ 9ಕ್ಕೆ, ಅಸಿಸ್ಟೆಂಟ್ ಆಗಿದ್ದ ಡೇಮನ್ ನಹಾಸ್ ಅದೇ ಟೀಮನ್ನ ಕರ್ಕೊಂಡು ಹೋಗಿ ವೇಕ್ ಫಾರೆಸ್ಟ್ ಅನ್ನೋ ಕಾಲೇಜಿನ ವಿರುದ್ಧ 1-0 ಗೆದ್ದು ಕಪ್ ತಂದ್ಬಿಟ್ರು. ಮ್ಯಾಚ್ ನಡೆದಿದ್ದು ನಾರ್ತ್ ಕ್ಯಾರೊಲೈನಾದ್ದೇ ಊರಾದ ಕ್ಯಾರಿಯಲ್ಲಿ, ಹೂಂ, ನಮ್ ಸಾಫ್ಟ್‌ವೇರ್ ಜನ ಹೋಗಿ ಮನೆ ಮಾಡ್ಕೊಂಡಿರೋ ಅದೇ ಕ್ಯಾರಿ.

ಇದನ್ನ ನೋಡಿ "ಮುದುಕ ಜಾಗ ಬಿಟ್ಟಿದ್ದೇ ಒಳ್ಳೇದಾಯ್ತು" ಅಂದೋರೂ ಇದ್ದಾರೆ. ನಂಗೇನೋ ಅಷ್ಟು ಸಿಂಪಲ್ ಅನ್ಸಲ್ಲ. ಇಷ್ಟು ವರ್ಷ ಒಂದೇ ಕಾಲೇಜು ಹೆಂಗೆ ಗೆಲ್ತಾ ಹೋಯ್ತು, ಆಮೇಲೆ ಯಾಕೆ ನಿಂತೋಯ್ತು ಅನ್ನೋದಕ್ಕೆ ಸ್ವಲ್ಪ ಹಿಂದಿಂದ ಬರ್ಬೇಕು.

ಡೊರಾನ್ಸ್ ಹುಟ್ಟಿದ್ದು 1951ರಲ್ಲಿ, ನಮ್ಮ ಬಾಂಬೇಲಿ. ಅಪ್ಪ ಅಮೆರಿಕದ ಎಣ್ಣೆ ಕಂಪನೀಲಿದ್ದೋರು, ಹಾಗಾಗಿ ಬಾಲ್ಯ ಪೂರ್ತಿ ಇಂಡಿಯಾ, ಕೀನ್ಯಾ, ಇಥಿಯೋಪಿಯಾ, ಸಿಂಗಾಪುರ ಅಂತ ಊರೂರು ಸುತ್ತಿದ್ದೇ ಆಯ್ತು, ಹೈಸ್ಕೂಲು ಸ್ವಿಟ್ಜರ್ಲೆಂಡಲ್ಲಿ. ಅಮೆರಿಕದ ಹುಡುಗ್ರು ಬೇಸ್‌ಬಾಲು ಬ್ಯಾಸ್ಕೆಟ್‌ಬಾಲು ಅಂತಿದ್ದ ವಯಸ್ಸಲ್ಲಿ ಇವರು ಬೆಳೆದಿದ್ದು ಫುಟ್ಬಾಲ್ ಆಡೋ ಊರುಗಳಲ್ಲಿ. ನಾರ್ತ್ ಕ್ಯಾರೊಲೈನಾಗೆ ಬಂದು ಇಂಗ್ಲಿಷು, ಫಿಲಾಸಫಿ ಓದಿ ಅಲ್ಲೇ ಟೀಮಲ್ಲಿ ಆಡಿದ್ರು, ಆಮೇಲೆ ಲಾ ಕಾಲೇಜು ಸೇರ್ಕೊಂಡ್ರು, ಅದನ್ನ ಮುಗಿಸ್ಲೇ ಇಲ್ಲ. ಯಾಕಂದ್ರೆ 1977ಕ್ಕೆ ಹುಡುಗ್ರ ಟೀಮಿಗೆ ಕೋಚ್ ಆಗ್ಬಿಟ್ರು. ಎರಡು ವರ್ಷ ಆದ್ಮೇಲೆ ಹುಡುಗೀರ ಟೀಮೂ ಇವರ ತಲೆಗೇ ಬಂತು, 1988ರ ತನಕ ಎರಡನ್ನೂ ಒಟ್ಟಿಗೇ ನೋಡ್ಕೊಂಡ್ರು.

ಆ ಹುಡುಗೀರ ಟೀಮು ಯಾಕೆ ಬಂತು ಅಂದ್ರೆ ಒಂದು ಕಾನೂನಿಂದ. 1972ರ ಟೈಟಲ್ ನೈನ್. ಸರ್ಕಾರದ ದುಡ್ಡು ತಗೊಳ್ಳೋ ಯಾವ ಕಾಲೇಜೂ ಗಂಡು ಹೆಣ್ಣು ಅಂತ ಭೇದ ಮಾಡೋ ಹಾಗಿಲ್ಲ ಅಂತ. ಆಟಕ್ಕೂ ಅದೇ ರೂಲು. ಅಮೆರಿಕನ್ ಫುಟ್ಬಾಲ್ ಇದ್ಯಲ್ಲ, ಆ ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋದು, ಅದೊಂದಕ್ಕೇ ದೊಡ್ಡ ಕಾಲೇಜುಗಳು 85 ಇಲ್ಲಾ ಅದಕ್ಕೂ ಜಾಸ್ತಿ ಸ್ಕಾಲರ್‌ಶಿಪ್ ಕೊಡ್ತಿದ್ವು, ಎಲ್ಲಾ ಹುಡುಗ್ರಿಗೇ. ಅದಕ್ಕೆ ಸಮ ಮಾಡೋಕೆ ಹೆಣ್ಣುಮಕ್ಕಳ ಕಡೆ ಜಾಸ್ತಿ ಕೊಡ್ಬೇಕಾಯ್ತು. ಸಾಕರ್ ಇದಕ್ಕೆ ಹೇಳಿ ಮಾಡಿಸಿದಂಗಿತ್ತು, ಒಂದು ಟೀಮಲ್ಲಿ ಇಪ್ಪತ್ತೈದು ಮೂವತ್ತು ಜನ ಹಿಡೀತಾರೆ, ಖರ್ಚು ಕಮ್ಮಿ. ಹಾಗಾಗಿ ಮುಂದೆ ಹುಡುಗೀರ ಸಾಕರಿಗೆ 14 ಸ್ಕಾಲರ್‌ಶಿಪ್, ಹುಡುಗ್ರ ಸಾಕರಿಗೆ 9.9 (ಹೌದು, ಪಾಯಿಂಟ್ ಒಂಬತ್ತು, ಒಂದನ್ನ ತುಂಡು ಮಾಡಿ ಹಂಚಬಹುದಿತ್ತು) ಅನ್ನೋ ಮಿತಿ 2025ರ ತನಕ ಇತ್ತು. ಬೇರೆ ದೇಶಗಳಲ್ಲಿ ಹೆಂಗಸ್ರ ಫುಟ್ಬಾಲ್ ಅಂದ್ರೆ ಮೂಗು ಮುರೀತಿದ್ದ ಕಾಲ ಅದು, ಇಂಗ್ಲೆಂಡಲ್ಲಂತೂ 1921ರಿಂದ ಐವತ್ತು ವರ್ಷ ಕ್ಲಬ್ ಮೈದಾನದೊಳಗೇ ಬಿಟ್ಟಿರ್ಲಿಲ್ಲ. ಅಂಥಾ ಟೈಮಲ್ಲಿ ಅಮೆರಿಕದಲ್ಲಿ ಆಟ ಆಡಿದ್ರೆ ಫೀಸು ಮಾಫಿ.

ಡೊರಾನ್ಸ್ ಇದನ್ನ ಬೇರೆಯೋರಿಗಿಂತ ಮುಂಚೆ ಕಂಡ್ಕೊಂಡ್ರು. ಆಗ ಹುಡುಗೀರಿಗೆ ನ್ಯಾಷನಲ್ ಟೂರ್ನಮೆಂಟೇ ಇರ್ಲಿಲ್ಲ, ಹೆಂಗಸ್ರ ಆಟ ನೋಡ್ಕೊಳ್ತಿದ್ದ ಎಐಎಡಬ್ಲ್ಯು ಸಂಸ್ಥೆಯೋರ ಹಿಂದೆ ಬಿದ್ದು 1981ರಲ್ಲಿ ಒಂದು ಮಾಡ್ಸಿದ್ರು, ತಮ್ಮೂರಲ್ಲೇ ಮಾಡ್ಸಿ ತಾವೇ ಗೆದ್ರು. ಮುಂದಿನ ವರ್ಷ ಎನ್‌ಸಿಎಎ ಶುರು ಮಾಡ್ತು, ಅದಕ್ಕೆ ಬಂದಿದ್ದು ಬರೀ 12 ಟೀಮು. ಈಗ 64. ಆ 12 ಟೀಮಿನ ಕಾಲದಲ್ಲಿ ಒಳ್ಳೆ ಆಟಗಾರ್ತಿ ಎಲ್ಲಿಗೆ ಹೋಗ್ತಾಳೆ ಹೇಳಿ, ಗೆಲ್ಲೋ ಕಡೆಗೆ ತಾನೇ. ಮೊದಲ ಮೂರು ಕಪ್ಪು ಇವ್ರದ್ದೇ, 1985ರಲ್ಲಿ ಜಾರ್ಜ್ ಮೇಸನ್ ಅನ್ನೋ ಕಾಲೇಜು ಫೈನಲ್ಲಲ್ಲಿ ಸೋಲಿಸ್ತು, ಆಮೇಲೆ 1986ರಿಂದ 1994ರ ತನಕ ಸತತ ಒಂಬತ್ತು. ಮಧ್ಯದಲ್ಲಿ 103 ಮ್ಯಾಚು ಸೋಲೇ ಇಲ್ಲ.

ಸರಿ, ಕಾನೂನು ಎಲ್ಲಾರಿಗೂ ಒಂದೇ ಅಲ್ವಾ, ಇವರೇ ಯಾಕೆ ಗೆದ್ರು? ಇಲ್ಲಿ ಏಪ್ರಿಲ್ ಹೈನ್ರಿಕ್ಸ್ ಕಥೆ ಹೇಳ್ಲೇಬೇಕು. 1983ರಲ್ಲಿ ಟೀಮಿಗೆ ಬಂದ ಹುಡುಗಿ, ಪ್ರಾಕ್ಟೀಸಲ್ಲೂ ಫೈನಲ್ ಥರಾನೇ ಆಡೋಳು, ತನ್ನ ಟೀಮಿನೋರನ್ನೇ ಹಾಯ್ದು ಬೀಳಿಸ್ಕೊಂಡು ಹೋಗೋಳು. ಉಳಿದೋರು ಬಂದು ಕೋಚ್ ಹತ್ರ ಇವಳಿಗೆ ಏನಾದ್ರೂ ಹೇಳಿ ಅಂತ ದೂರು. ಡೊರಾನ್ಸ್ ಏನೂ ಹೇಳ್ಲಿಲ್ಲ, ಇಂಥೋರು ಇನ್ನೂ ನಾಲ್ಕು ಜನ ಸಿಕ್ಕಿದ್ರೆ ಸಾಕು ಅನ್ನೋ ಥರ ಇದ್ರು, ಇದನ್ನ ಅವರೇ ಆಮೇಲೆ ಎಷ್ಟೋ ಕಡೆ ಹೇಳ್ಕೊಂಡಿದ್ದಾರೆ. ಹುಡುಗೀರು ಫ್ರೆಂಡ್ಸ್ ಎದುರು ಜೋರಾಗಿ ಆಡೋಕೆ ಹಿಂಜರೀತಾರೆ, ಹಾಗೆ ಆಡಿದ್ರೆ ತಪ್ಪಿಲ್ಲ ಅನ್ನೋ ಜಾಗ ಮಾಡ್ಬೇಕು ಅನ್ನೋದು ಅವರ ವಾದ. (ಹುಡುಗೀರು ಹಿಂಗೆ, ಹುಡುಗ್ರು ಹಂಗೆ ಅಂತ ಅವರು ಕೊಡೋ ಥಿಯರಿ ಎಲ್ಲಾ ನಾನು ಒಪ್ಪಲ್ಲ, ಆದ್ರೆ ಇದೊಂದು ಕೆಲಸ ಮಾಡ್ತು.)

ಆ ಜಾಗ ಮಾಡಿದ್ದು ಲೆಕ್ಕದ ಪುಸ್ತಕದಿಂದ. ಅದೇ ಕ್ಯಾಂಪಸ್ಸಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್ ಇದ್ರು, ಅವರ ಪ್ರಾಕ್ಟೀಸಲ್ಲಿ ಮ್ಯಾನೇಜರ್ ಹುಡುಗ್ರು ಪ್ರತಿಯೊಂದನ್ನೂ ಬರ್ಕೊಳ್ತಿದ್ದಿದ್ದನ್ನ ನೋಡಿ ಡೊರಾನ್ಸ್ ತಮ್ಮ ಕಡೆ ತಂದ್ರು. ಒಬ್ಬರ ವಿರುದ್ಧ ಒಬ್ಬರು ಚೆಂಡು ದಾಟಿಸೋದು, ಹೆಡ್ಡರ್, ಶೂಟಿಂಗು, ಓಟ, ಏನೇ ಮಾಡಿದ್ರೂ ಗೆದ್ದೋರು ಯಾರು ಸೋತೋರು ಯಾರು ಅಂತ ಬರೆದು, ಒಂದರಿಂದ ಕೊನೇವರೆಗೂ ರ‍್ಯಾಂಕ್ ಮಾಡಿ ಗೋಡೆಗೆ ಅಂಟಿಸೋದು. ನಮ್ಮ ಕಡೆ ಕಾಲೇಜ್ ನೋಟಿಸ್ ಬೋರ್ಡಲ್ಲಿ ಮಾರ್ಕ್ಸ್ ಲಿಸ್ಟ್ ಹಾಕೋರಲ್ಲ ಹಂಗೆ, ಆದ್ರೆ ಇದು ಸೀಸನ್ ಪೂರ್ತಿ. ಇದಕ್ಕೆ ಅವರಿಟ್ಟ ಹೆಸರು ಪೈಪೋಟಿಯ ಕೊಪ್ಪರಿಗೆ ಅನ್ನೋ ಅರ್ಥದ್ದು, ಹೆಸರಿಗೆ ತಕ್ಕಂತೆ ಕುದೀತಾನೇ ಇರ್ತಿತ್ತು.

ಇನ್ನೊಂದು, ಕಾಲೇಜ್ ಸಾಕರಿನ ರೂಲೇ ಬೇರೆ. ನಾವು ಟೀವೀಲಿ ನೋಡೋ ಫುಟ್ಬಾಲಲ್ಲಿ ಹೊರಗೆ ಹೋದೋರು ಮತ್ತೆ ಒಳಗೆ ಬರೋ ಹಾಗಿಲ್ಲ, ಕಾಲೇಜಲ್ಲಿ ಫಸ್ಟ್ ಹಾಫಲ್ಲಿ ಹೋದೋರು ಸೆಕೆಂಡ್ ಹಾಫಿಗೆ ಬರಬಹುದು, ಸೆಕೆಂಡ್ ಹಾಫಲ್ಲಿ ಹೋದೋರು ಒಂದು ಸಲ ವಾಪಸ್ ಬರಬಹುದು. ಡೊರಾನ್ಸ್ ಮುಂದುಗಡೆ ಮೂರು ಜನರನ್ನ ಇಟ್ಟು ಎದುರಾಳಿ ಡಿಫೆಂಡರ್ ಚೆಂಡು ಮುಟ್ಟಿದ ತಕ್ಷಣ ಮೇಲೆ ಬೀಳಿಸ್ತಿದ್ರು, ಅವರಿಗೆ ಸುಸ್ತಾದ್ರೆ ಹೊಸಬರು ರೆಡಿ. ಬೇರೆ ಕಾಲೇಜಲ್ಲಿ ಸ್ಟಾರ್ ಆಗ್ಬೇಕಾದೋರು ಇಲ್ಲಿ ಬೆಂಚಲ್ಲಿ ಕೂತಿರ್ತಿದ್ರು, ಮೇಲೆ ಬೀಳೋ ಆಟ ನಿಲ್ತಾನೇ ಇರ್ಲಿಲ್ಲ.

ಹೀಗೆ ಬಂದು ಮುಂದೆ ದೇಶಕ್ಕೆ ಆಡಿದೋರ ಪಟ್ಟಿ ನೋಡಿದ್ರೆ ತಲೆ ತಿರುಗತ್ತೆ: ಮಿಯಾ ಹ್ಯಾಮ್, ಕ್ರಿಸ್ಟೀನ್ ಲಿಲಿ, ಸಿಂಡಿ ಪಾರ್ಲೋ, ಹೆದರ್ ಓ'ರೈಲಿ, ಟೋಬಿನ್ ಹೀತ್, ಕ್ರಿಸ್ಟಲ್ ಡನ್, ಆಮೇಲೆ ಇಂಗ್ಲೆಂಡಿನ ಲೂಸಿ ಬ್ರಾನ್ಜ್, ಅಲೆಸಿಯಾ ರುಸ್ಸೋ. 1986ರಿಂದ ದೇಶದ ಟೀಮಿಗೂ ಇವರೇ ಕೋಚು, 1991ರಲ್ಲಿ ಚೀನಾದಲ್ಲಿ ನಡೆದ ಮೊದಲನೇ ಮಹಿಳಾ ವಿಶ್ವಕಪ್ಪಿನ ಫೈನಲ್ಲಲ್ಲಿ ನಾರ್ವೇನ 2-1 ಸೋಲಿಸಿ ಕಪ್ ತಂದ್ರು, ಎರಡೂ ಗೋಲು ಮಿಶೆಲ್ ಏಕರ್ಸ್ ಹೊಡೆದಿದ್ದು, ಕ್ಯಾಪ್ಟನ್ ಅದೇ ಹೈನ್ರಿಕ್ಸ್. ಟೀಮಲ್ಲಿ ಹತ್ತಿರ ಹತ್ತಿರ ಅರ್ಧ ಜನ ಇವರ ಕಾಲೇಜಿನೋರೇ. ಒಬ್ಬನೇ ಮನುಷ್ಯ ಕಾಲೇಜ್ ಕೋಚೂ, ದೇಶದ ಕೋಚೂ ಆಗಿದ್ರೆ ಒಳ್ಳೆ ಹುಡುಗಿ ಯಾವ ಕಾಲೇಜಿಗೆ ಸೇರ್ತಾಳೆ ಅಂತ ಬೇರೆ ಬಿಡಿಸಿ ಹೇಳ್ಬೇಕಾ.

ಕೆಟ್ಟ ಅಧ್ಯಾಯನೂ ಇದೆ, ಅದನ್ನ ಬಿಟ್ಟು ಬರೆದ್ರೆ ಸರಿ ಹೋಗಲ್ಲ. 1998ರಲ್ಲಿ ಇಬ್ಬರು ಮಾಜಿ ಆಟಗಾರ್ತಿಯರು ಡೊರಾನ್ಸ್ ಲೈಂಗಿಕ ಕಿರುಕುಳ ಕೊಟ್ರು, ಹುಡುಗೀರ ಖಾಸಗಿ ವಿಷಯ ಕೆದಕಿ ಮಾತಾಡ್ತಿದ್ರು ಅಂತ ಕೇಸ್ ಹಾಕಿದ್ರು. ಡೊರಾನ್ಸ್ ಮಾತ್ರ ಇದು ಕಿರುಕುಳ ಅಲ್ಲ ಅಂತಾನೇ ವಾದ ಮಾಡಿದ್ರು. ಒಂದು ಕೇಸು 2004ರಲ್ಲಿ 70,000 ಡಾಲರ್‌ಗೆ ರಾಜಿ ಆಯ್ತು, ಇನ್ನೊಂದನ್ನ ಕೆಳಗಿನ ಕೋರ್ಟ್ ವಜಾ ಮಾಡಿತ್ತು, 2007ರಲ್ಲಿ ಅಪೀಲ್ ಕೋರ್ಟ್ ಇದು ವಿಚಾರಣೆಗೆ ಹೋಗ್ಬೇಕಾದ ಕೇಸು ಅಂದ್ಬಿಡ್ತು, 2008ರ ಜನವರೀಲಿ ಯೂನಿವರ್ಸಿಟಿ 3,85,000 ಡಾಲರ್ ಕೊಟ್ಟು ಮುಗಿಸ್ತು, ಡೊರಾನ್ಸ್ ಕ್ಷಮೆ ಕೇಳಿ ಪತ್ರ ಬರೆದ್ರು. ಕೆಲಸ ಹೋಗ್ಲಿಲ್ಲ. ಆ ವರ್ಷನೂ ಕಪ್ ಗೆದ್ರು, ಮುಂದಿನ ವರ್ಷನೂ ಗೆದ್ರು, 2019ರಲ್ಲಿ ಹೊಸ ಸ್ಟೇಡಿಯಮ್ಮಿನ ಮೈದಾನಕ್ಕೆ ಅವರ ಹೆಸರೇ ಇಟ್ರು. ಗೆಲ್ಲೋ ಕೋಚಿಗೆ ಎಲ್ಲಾ ಮಾಫಿ ಅನ್ನೋದು ಅಮೆರಿಕದ ಕಾಲೇಜುಗಳಲ್ಲಿ ಹೊಸ ಕಥೆ ಏನಲ್ಲ ಬಿಡಿ.

ಇನ್ನು 2012ರ ನಂತರದ ಬರ. ಒಂದು ಕಾರಣ, ಎಲ್ಲಾ ಕಾಲೇಜುಗಳೂ ಕಲಿತ್ಕೊಂಡ್ವು. ಕಾಲೇಜ್ ಆಟದ ಮೇಲಿನ ದರ್ಜೆ, ಅಂದ್ರೆ ಡಿವಿಷನ್ ಒಂದರಲ್ಲೇ ಈಗ 300ಕ್ಕೂ ಜಾಸ್ತಿ ಹುಡುಗೀರ ಟೀಮು. ಫ್ಲೋರಿಡಾ ಸ್ಟೇಟು, ಸ್ಟ್ಯಾನ್‌ಫರ್ಡು, ಯುಸಿಎಲ್‌ಎ ಥರದೋರು ಚೆಂಡನ್ನ ಕಾಲಲ್ಲೇ ಇಟ್ಕೊಂಡು ಪಾಸ್ ಮಾಡ್ತಾ ಇವರ ಮೇಲೆ ಬೀಳೋ ಆಟದಿಂದ ತಪ್ಪಿಸ್ಕೊಳ್ಳೋದು ಕಲಿತ್ರು. 2022ರ ಫೈನಲ್ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ, 2-0 ಮುಂದಿದ್ದು, ಕೊನೇ 16 ಸೆಕೆಂಡಲ್ಲಿ ಯುಸಿಎಲ್‌ಎ ಸಮ ಮಾಡಿ ಎಕ್ಸ್‌ಟ್ರಾ ಟೈಮಲ್ಲಿ 3-2 ಗೆದ್ಕೊಂಡ್ ಹೋಯ್ತು.

ಎರಡನೇ ಕಾರಣ ನನ್ ಪ್ರಕಾರ ಇನ್ನೂ ದೊಡ್ಡದು: ಕಾಲೇಜೇ ದಾರಿ ಅನ್ನೋ ಕಾಲ ಹೋಯ್ತು. ಡೊರಾನ್ಸ್ ಕೊನೇ ಕಪ್ ಎತ್ತಿದ 2012ರಲ್ಲೇ ಲಿಂಡ್ಸೀ ಹೋರಾನ್ ಅನ್ನೋ ಹುಡುಗಿ ಇವರ ಕಾಲೇಜಿನ ಸ್ಕಾಲರ್‌ಶಿಪ್ ಬೇಡ ಅಂತ ಹೈಸ್ಕೂಲಿಂದ ಸೀದಾ ಪ್ಯಾರಿಸ್ ಕ್ಲಬ್ಬಿಗೆ ಹೋದ್ಲು, 2024ರ ಒಲಿಂಪಿಕ್ಸಲ್ಲಿ ಚಿನ್ನ ಗೆದ್ದ ಅಮೆರಿಕದ ಕ್ಯಾಪ್ಟನ್ ಅವಳೇ. ಒಲಿವಿಯಾ ಮೌಲ್ಟ್ರಿ ಅಂತ ಇನ್ನೊಬ್ಬಳು, 11 ವರ್ಷಕ್ಕೇ ಇವರ ಟೀಮಿಗೆ ಬರ್ತೀನಿ ಅಂತ ಮಾತು ಕೊಟ್ಟಿದ್ಲು (ಹನ್ನೊಂದು ವರ್ಷದ ಮಗು, ಅದೂ ಒಂದು ಹುಚ್ಚೇ), 13ಕ್ಕೆ ಪ್ರೊಫೆಷನಲ್ ಆದ್ಲು, ಅಮೆರಿಕದ ಹೆಂಗಸ್ರ ಪ್ರೊಫೆಷನಲ್ ಲೀಗಿನ ವಯಸ್ಸಿನ ರೂಲಿನ ವಿರುದ್ಧ ಕೋರ್ಟಿಗೆ ಹೋಗಿ 2021ರಲ್ಲಿ 15ಕ್ಕೇ ಪೋರ್ಟ್‌ಲ್ಯಾಂಡ್ ಪರ ಮೈದಾನಕ್ಕಿಳಿದ್ಲು. ಡೊರಾನ್ಸ್ ಕಾಲೇಜಿರೋ ಊರು ಚ್ಯಾಪೆಲ್ ಹಿಲ್, ಅಲ್ಲಿನ ಗೋಡೆಯ ರ‍್ಯಾಂಕ್ ಲಿಸ್ಟಲ್ಲಿ ಅವಳ ಹೆಸರು ಬರ್ಲೇ ಇಲ್ಲ.